ಕುಂಕುಮ ಬಿದ್ದ ಓಟಿನ ಚೀಟಿ

ಯಾರಾದರೂ ನನ್ನ ಮುಂದೆ ಕೂತು, ಆ ಕಾಲದ ರಾಜಕೀಯ ಚೊಕ್ಕವಾಗಿತ್ತು, ಈಗ ಕೆಟ್ಟುಹೋಯಿತು ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊಮ್ಮಕ್ಕಳ ಸ್ನೇಹಿತರು ಹೇಳಿದರೆ ಕಾಫಿ ಕೊಟ್ಟು ಸುಮ್ಮನಾಗುತ್ತೇನೆ. ನನ್ನ ವಯಸ್ಸಿನವರು ಹೇಳಿದರೆ ಬಿಡುವುದಿಲ್ಲ. ನನ್ನ ಗಂಡನ ಬಲಗೈಯನ್ನು ಕಲ್ಲು ಒಡೆಯುವ ಸುತ್ತಿಗೆಯಿಂದ ಜಜ್ಜಿದ್ದು ಆ ಚೊಕ್ಕ ಕಾಲದಲ್ಲೇ. ಅದೂ ಓಟಿನ ವಿಷಯಕ್ಕೆ, ಹಾಡಹಗಲಲ್ಲಿ, ನಮ್ಮದೇ ಮನೆಯ ಜಗಲಿಯ ಮೇಲೆ.

ಆಗ ಜಯನಗರ ಅರ್ಧ ಬಡಾವಣೆ, ಅರ್ಧ ಹೊಲ. ಲಾಲ್‌ಬಾಗಿನ ಕಡೆಯಿಂದ ಬ್ಲಾಕುಗಳು ಒಂದೊಂದಾಗಿ ನಮ್ಮ ಕಡೆಗೆ ಸರಿದು ಬರುತ್ತಿದ್ದವು. ನಾನು ಮದುವೆಯಾಗಿ ಬಂದ ಊರು ಸಾರಕ್ಕಿ ಕೆರೆಗೆ ಹತ್ತಿರ. ನಮ್ಮದು ರಾಗಿ ಹೊಲ, ಬಾವಿಯ ಮಗ್ಗುಲಲ್ಲಿ ಸೊಪ್ಪು, ಬದನೆ, ಒಂದಿಷ್ಟು ಕನಕಾಂಬರ. ಮಾವ ಬದುಕಿದ್ದರೂ ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ತೆಯ ಮಾತು. ನನ್ನ ಗಂಡ ಅವರಿಗೆ ಒಬ್ಬನೇ ಮಗ. ಹೊಲವನ್ನು ಬಡಾವಣೆಗೆ ತೆಗೆದುಕೊಳ್ಳುತ್ತೇವೆ ಎಂದು ಸರ್ಕಾರದ ನೋಟಿಸು ಬಂದಿತ್ತು. ಅದನ್ನು ಓದಿಸಿಕೊಂಡ ದಿನದಿಂದ ಊರಿನವರು ಯಾರ ಕಾಲಿಗಾದರೂ ಬೀಳಲು ತಯಾರಾಗಿದ್ದರು.

ಅಂಥ ಹೊತ್ತಿಗೆ ಚುನಾವಣೆ ಬಂತು. ಸ್ವಾತಂತ್ರ್ಯ ಬಂದ ಮೇಲೆ ಎರಡನೆಯ ದೊಡ್ಡ ಚುನಾವಣೆ ಅದು. ಬನಶಂಕರಿಯ ಆಚೆ ಕಲ್ಲುಕ್ವಾರಿ ಇಟ್ಟುಕೊಂಡಿದ್ದ ಒಬ್ಬ ಕಂಟ್ರಾಕ್ಟರು ನಿಂತಿದ್ದ. ನನ್ನನ್ನು ಗೆಲ್ಲಿಸಿ, ನಿಮ್ಮ ಹೊಲಕ್ಕೆ ಗೂಟ ಹೊಡೆಯಲು ಯಾರು ಬರುತ್ತಾರೋ ನೋಡುತ್ತೇನೆ ಎಂದ. ಮಾತಿನ ಜೊತೆಗೆ ಹಣವನ್ನೂ ಕಳಿಸಿದ. ಹಣ ಹಿಡಿದುಕೊಂಡು ಬಂದವನು ಅವನ ಕ್ವಾರಿಯ ಮೇಸ್ತ್ರಿ. ಎತ್ತರದ ಆಳು, ಬಾಯಿ ತುಂಬ ಎಲೆಅಡಿಕೆ.

ಆಗಿನ ಓಟಿನ ಪದ್ಧತಿ ಈಗಿನವರಿಗೆ ಗೊತ್ತಿಲ್ಲ. ನಿಂತವರಿಗೆಲ್ಲ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರವರ ಗುರುತು. ಅಧಿಕಾರಿ ನಮ್ಮ ಕೈಗೆ ಒಂದು ಚೀಟಿ ಕೊಡುತ್ತಿದ್ದ. ಅದನ್ನು ಪರದೆಯ ಹಿಂದೆ ಒಯ್ದು ಬೇಕಾದವರ ಪೆಟ್ಟಿಗೆಗೆ ಹಾಕಿ ಬರಬೇಕು. ಚೀಟಿಯ ಮೇಲೆ ಬರೆಯುವುದಿಲ್ಲ, ಒತ್ತುವುದಿಲ್ಲ. ಪರದೆಯ ಹಿಂದೆ ಯಾರು ಎಲ್ಲಿಗೆ ಹಾಕಿದರೋ ಯಾರಿಗೂ ತಿಳಿಯುವುದಿಲ್ಲ. ಹಣ ಕೊಡುವವನಿಗೆ ಇದೇ ತಲೆನೋವು. ಅದಕ್ಕೆ ಮೇಸ್ತ್ರಿ ಒಂದು ದಾರಿ ಹುಡುಕಿದ್ದ. ಯಾರೂ ಚೀಟಿಯನ್ನು ಪೆಟ್ಟಿಗೆಗೆ ಹಾಕಬಾರದು, ಸೆರಗಿನಲ್ಲೋ ಸೊಂಟದಲ್ಲೋ ಸಿಕ್ಕಿಸಿಕೊಂಡು ಹೊರಗೆ ತರಬೇಕು. ತಂದ ಚೀಟಿಗೆ ಹಣ. ಆಮೇಲೆ ಅವನ ಆಳುಗಳು ತಮ್ಮ ಸರದಿಯಲ್ಲಿ ಒಳಗೆ ಹೋಗಿ ಕಂತೆಗಳನ್ನೇ ಕಂಟ್ರಾಕ್ಟರನ ಪೆಟ್ಟಿಗೆಗೆ ತುರುಕಿ ಬರುತ್ತಾರೆ.

ಊರಿನ ಪರವಾಗಿ ಒಬ್ಬರು ಜವಾಬ್ದಾರಿ ಹೊರಬೇಕು ಎಂದಾಗ ಎಲ್ಲರೂ ನನ್ನ ಗಂಡನ ಮುಖ ನೋಡಿದರು. ಓದಲು ಬರೆಯಲು ಬರುತ್ತಿತ್ತು, ಸುಳ್ಳು ಹೇಳುವವರಲ್ಲ ಎಂಬ ಹೆಸರಿತ್ತು. ಹಾಳು ಹೆಸರು. ಮಾರಮ್ಮನ ಗುಡಿಯ ಮುಂದೆ ಬಲ ಅಂಗೈಯಲ್ಲಿ ಕರ್ಪೂರ ಹಚ್ಚಿಕೊಂಡು, ಊರಿನ ಚೀಟಿಗಳು ಬೇರೆ ಕಡೆ ಹೋಗುವುದಿಲ್ಲ ಎಂದು ಆಣೆ ಮಾಡಿದರು. ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ನಾನು ಬೆಣ್ಣೆ ಹಚ್ಚುತ್ತ ಬೈದೆ. "ಹೊಲ ಉಳೀತದೆ ಕಣೆ, ಇಷ್ಟು ಸುಟ್ರೇನು" ಎಂದು ನಕ್ಕರು.

ಓಟಿನ ದಿನ ನಾನೂ ಚೀಟಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡು ಬಂದೆ. ಪರದೆಯ ಹಿಂದೆ ಸಾಲಾಗಿ ಕೂತಿದ್ದ ಪೆಟ್ಟಿಗೆಗಳನ್ನು ನೋಡಿ ಹೊರಬಂದದ್ದಷ್ಟೇ ನನ್ನ ಮೊದಲ ಮತದಾನ. ಊರಿನ ಚೀಟಿಗಳೆಲ್ಲ ನಮ್ಮ ಪಡಸಾಲೆಯ ಮೊರಕ್ಕೆ ಬಂದು ಬಿದ್ದವು. ಮೇಸ್ತ್ರಿ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದ.

ನಮ್ಮ ಅತ್ತೆಗೆ ಒಂದು ಅಭ್ಯಾಸ. ಮನೆಗೆ ಹೊಸದಾಗಿ ಏನೇ ಬರಲಿ, ಗುದ್ದಲಿಯಾಗಲಿ ಕೊಡವಾಗಲಿ, ಅರಿಶಿನ ಕುಂಕುಮ ಇಡದೆ ಮುಟ್ಟಲು ಬಿಡುತ್ತಿರಲಿಲ್ಲ. ಎತ್ತನ್ನು ಮಾರುವಾಗಲೂ ಹಣೆಗೆ ಕುಂಕುಮ ಇಟ್ಟೇ ಹಗ್ಗ ಕೈ ಬದಲಾಯಿಸುತ್ತಿದ್ದರು. ಅಂದು ಮೊರವನ್ನು ದೇವರ ಮುಂದೆ ಇಟ್ಟು ನೋಡಿದರು. ಚೀಟಿ ಒಂದು ರೂಪಾಯಿ ನೋಟಿನಷ್ಟೇ ಇತ್ತು, ಮೇಲೆ ನೋಟಿನ ಹಾಗೇ ಅಚ್ಚೂ ಇತ್ತು.

"ಲಕ್ಷ್ಮಿ ಇದ್ದಂಗೈತೆ. ಬೋಳಾಗಿ ಕಳಿಸ್ಬಾರ್ದು" ಎಂದು ಕುಂಕುಮವನ್ನು ನೀರಿನಲ್ಲಿ ಕಲಸಿ, ಒಂದೊಂದೇ ಚೀಟಿ ಎತ್ತಿ ಮೂಲೆಗೆ ಬೊಟ್ಟು ಇಟ್ಟರು. ಯಾರಿಗೂ ಮುಚ್ಚಿಟ್ಟು ಮಾಡಿದ ಕೆಲಸವಲ್ಲ. ಮೇಸ್ತ್ರಿಯೇ ಬಾಗಿಲಲ್ಲಿ ನಿಂತು ನೋಡಿದ. "ಒಳ್ಳೇದಾಯ್ತು ಬಿಡವ್ವ, ಅಮ್ಮನ ಆಶೀರ್ವಾದ" ಎಂದು ಕಂತೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಹೋದ. ಇದನ್ನು ನಾನು ಸಾಯುವವರೆಗೂ ಹೇಳುತ್ತೇನೆ. ಅವನು ಕಣ್ಣಿಗೆ ಒತ್ತಿಕೊಂಡ.

ಎಣಿಕೆಯಲ್ಲಿ ಕಂಟ್ರಾಕ್ಟರನ ಪೆಟ್ಟಿಗೆ ಬಿಚ್ಚಿದಾಗ ಕುಂಕುಮದ ಚೀಟಿಗಳು ಕಂತೆ ಕಂತೆಯಾಗಿ ಉದುರಿದವಂತೆ. ಗುರುತು ಬಿದ್ದ ಚೀಟಿ ಓಟಲ್ಲ, ಕಾನೂನು ಹಾಗೇ ಇದೆ ಎಂದು ಅಧಿಕಾರಿ ಎಲ್ಲವನ್ನೂ ಪಕ್ಕಕ್ಕೆ ಎಸೆದನಂತೆ. ಅವು ಲೆಕ್ಕಕ್ಕೆ ಬಂದಿದ್ದರೆ ಕಂಟ್ರಾಕ್ಟರು ಗೆಲ್ಲುತ್ತಿದ್ದ. ಬರಲಿಲ್ಲ, ಸೋತ.

ಮಾರನೆಯ ಬೆಳಿಗ್ಗೆ ನನ್ನ ಗಂಡ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದರು. ಮೇಸ್ತ್ರಿ ಕ್ವಾರಿಯ ಆಳುಗಳನ್ನು ಕಟ್ಟಿಕೊಂಡು ಬಂದ. ಬಂದವನೇ ಅವರ ಕೊರಳಿನ ಟವಲು ಹಿಡಿದು ಜಗಲಿಗೆ ಎಳೆದು ತಂದ.

"ಎದುರ್ಗಡೆಯೋರ ಹತ್ರ ಎಷ್ಟು ತಿಂದ್ಯೋ? ಚೀಟಿ ಕೆಡ್ಸೋಕೆ ಎಷ್ಟು ಕೊಟ್ರು?"

"ಅಮ್ಮನಾಣೆ, ಒಂದು ಕಾಸೂ ಮುಟ್ಟಿಲ್ಲ" ಎಂದರು ನನ್ನ ಗಂಡ.

"ಆಣೆ ಮಾಡಿದ ಕೈ ಯಾವ್ದು? ತೋರ್ಸು."

ಅವರು ತೋರಿಸಿದರು! ಬೊಬ್ಬೆಯ ಗುರುತು ಇನ್ನೂ ಇತ್ತು, ಅದನ್ನು ನೋಡಿದರೆ ನಂಬುತ್ತಾನೆ ಎಂದು ಅಂಗೈ ಬಿಚ್ಚಿ ಮುಂದೆ ಚಾಚಿದರು. ಒಬ್ಬ ಆಳು ಮೊಣಕೈ ಹಿಡಿದ, ಇನ್ನೊಬ್ಬ ಬೆರಳುಗಳನ್ನು ಜಗಲಿಯ ಚಪ್ಪಡಿಗೆ ಒತ್ತಿದ. ಮೇಸ್ತ್ರಿ ಸುತ್ತಿಗೆ ಎತ್ತಿದ. ಮೊದಲನೆಯ ಏಟಿಗೆ ಗಂಡನ ಬಾಯಿಂದ ಸದ್ದೇ ಬರಲಿಲ್ಲ. ಮೂಳೆ ಮುರಿದ ಸದ್ದು ಮಾತ್ರ ಕೇಳಿಸಿತು. ಎರಡನೆಯ ಏಟಿಗೆ ಅವರು ಕೂಗಿದ ಕೂಗಿಗೆ ಎತ್ತುಗಳು ಹಗ್ಗ ಕಿತ್ತುಕೊಂಡವು. ಚಪ್ಪಡಿಯ ಮೇಲಿಂದ ರಕ್ತ ಅಂಗಳಕ್ಕೆ ಇಳಿಯಿತು.

ನಾನು ಒಳಗಿಂದ ಒನಕೆ ತಂದು ಮೇಸ್ತ್ರಿಯ ಬೆನ್ನಿಗೆ ಬಾರಿಸಿದೆ. ತಲೆಗೆ ಹಾಕಬೇಕೆಂದೇ ಬೀಸಿದ್ದು, ಕೈ ಜಾರಿತು. ಅವನು ತಿರುಗಿ ನನ್ನ ಹೊಟ್ಟೆಗೆ ಒದ್ದ. ನಾನು ಅಂಗಳದಲ್ಲಿ ಬಿದ್ದೆ, ಮತ್ತೆ ಎದ್ದು ಅವನ ತೋಳು ಕಚ್ಚಿದೆ, ಚರ್ಮ ಕಿತ್ತು ಬರುವ ಹಾಗೆ ಕಚ್ಚಿದೆ. ಅತ್ತೆ ಓಡಿ ಬಂದು ಚಪ್ಪಡಿಯ ಮೇಲೆ ತಮ್ಮ ಕೈ ಇಟ್ಟರು. "ಕುಂಕುಮ ಇಟ್ಟೋಳು ನಾನು ಕಣೋ ಪಾಪಿ! ನನ್ನ ಕೈ ಜಜ್ಜು! ನೀನೇ ಕಣ್ಣಿಗೆ ಒತ್ಕಂಡಿಲ್ವೇನೋ?"

"ನಾವು ಹೆಂಗಸರ ಮೇಲೆ ಕೈ ಮಾಡೋ ಜನ ಅಲ್ಲವ್ವ" ಎಂದ ಮೇಸ್ತ್ರಿ. ಅವನು ಕೊಡವಿದ ಏಟಿಗೆ ಮತ್ತೆ ಬಿದ್ದ ನಾನು ಹೊಟ್ಟೆ ಹಿಡಿದುಕೊಂಡು ಅವನ ಕಾಲ ಬುಡದಲ್ಲೇ ಇದ್ದೆ.

ಅವನಿಗೆ ತಪ್ಪು ಯಾರದೆಂದು ಚೆನ್ನಾಗಿ ಗೊತ್ತಿತ್ತು. ಗುರುತು ಬಿದ್ದ ಚೀಟಿ ನಡೆಯುವುದಿಲ್ಲ ಎಂಬುದು ಹಳ್ಳಿಯ ನಮಗೆ ತಿಳಿಯದಿದ್ದರೂ ಚುನಾವಣೆ ಮಾಡಿಸಲು ಬಂದ ಅವನಿಗೆ ತಿಳಿದಿರಬೇಕಿತ್ತು. ತನ್ನ ಧಣಿಯ ಮುಂದೆ ತಾನು ಉಳಿಯಬೇಕಾದರೆ ಬೇರೆ ಯಾರನ್ನಾದರೂ ಕಳ್ಳನನ್ನಾಗಿ ಮಾಡಬೇಕಿತ್ತು. ಊರಿನ ಒಂದು ಬಾಗಿಲೂ ತೆರೆಯಲಿಲ್ಲ. ಚೀಟಿಯ ಹಣ ಎಲ್ಲರ ಮನೆಯಲ್ಲೂ ಇತ್ತು, ನಾಳೆ ಸುತ್ತಿಗೆ ತಮ್ಮ ಜಗಲಿಗೂ ಬಂದೀತು ಎಂಬ ಹೆದರಿಕೆ.

ಗಾಡಿ ಕಟ್ಟಿಕೊಂಡು ಪೇಟೆಯ ದೊಡ್ಡಾಸ್ಪತ್ರೆಗೆ ಹೋದೆವು. ಎರಡು ಬೆರಳು ತೆಗೆದರು, ಉಳಿದವು ಮಡಿಚಿಕೊಂಡೇ ಒಣಗಿದವು. ಬರುವಾಗ ನಾನು ಹಟ ಹಿಡಿದು ಠಾಣೆಗೆ ಹೋದೆ. ದಫೇದಾರ ಕೆಟ್ಟವನೇನಲ್ಲ, ಕೂರಲು ಹೇಳಿದ.

"ಬರ್ಕೋತೀನಮ್ಮ. ಯಾತಕ್ಕೆ ಹೊಡುದ್ರು ಅಂತ ಬರೀಲಿ? ಚೀಟಿ ವಿಷ್ಯಕ್ಕೆ ಅಂದ್ರೆ, ಬೂತಿಂದ ಚೀಟಿ ಹೊರಗೆ ತಂದೋರು ಯಾರು? ನೀವು ತಾನೆ? ಮೊದ್ಲು ನಿಮ್ಮನ್ನ ಒಳಗೆ ಹಾಕ್ಬೇಕಾಗ್ತದೆ."

ಕಾನೂನು ನಮ್ಮ ಬಾಯಿಯನ್ನು ಹೀಗೆ ಹೊಲಿಯಿತು. ನಿಂತವರು ಚುನಾವಣೆಯ ಖರ್ಚಿನ ಲೆಕ್ಕ ಒಪ್ಪಿಸಬೇಕೆಂಬ ಕಾನೂನೂ ಆಗಲೇ ಇತ್ತು. ಕಂಟ್ರಾಕ್ಟರು ತಪ್ಪದೆ ಒಪ್ಪಿಸಿದನಂತೆ. ಕರಪತ್ರ, ಬಾವುಟ, ಜೀಪಿನ ಪೆಟ್ರೋಲು. ಅದರಲ್ಲಿ ನಮ್ಮ ಊರೂ ಇರಲಿಲ್ಲ, ನನ್ನ ಗಂಡನ ಬೆರಳುಗಳೂ ಇರಲಿಲ್ಲ.

ಹೊಲ ಹೋಯಿತು. ಗೂಟ ಹೊಡೆದರು, ಬಾವಿ ಮುಚ್ಚಿದರು. ಆ ಬಾವಿಗೆ ಸುರಿದ ಕಲ್ಲು ಯಾರ ಕ್ವಾರಿಯದು ಗೊತ್ತೇ? ಅವನದೇ. ಸೋತ ವರ್ಷವೇ ಅವನು ಗೆದ್ದವರ ಪಕ್ಷಕ್ಕೆ ಸೇರಿಕೊಂಡಿದ್ದ. ಗೆದ್ದವರೂ ಚುನಾವಣೆಗೆ ಮೈತುಂಬ ಸಾಲ ಮಾಡಿಕೊಂಡಿದ್ದರು, ದುಡ್ಡಿದ್ದವನನ್ನು ಬೇಡ ಎನ್ನಲಿಲ್ಲ. ಅವನು ಅವರ ಸಾಲ ತೀರಿಸಿದ, ಅವರು ಅವನಿಗೆ ಬಡಾವಣೆಯ ರಸ್ತೆಯ ಕೆಲಸ ಕೊಟ್ಟರು. ಮುಂದಿನ ಚುನಾವಣೆಗೆ ಟಿಕೆಟ್ಟೂ ಅವನಿಗೇ ಸಿಕ್ಕಿತು.

ನಮಗೆ ಊರೊಳಗಿನ ಮನೆಯೊಂದು ಉಳಿದಿತ್ತು. ಗಂಡ ಎಡಗೈಯಲ್ಲಿ ಹಸುಗಳ ಕೆಲಸ ಮಾಡುತ್ತಿದ್ದರು, ನಾನು ಬ್ಲಾಕಿನ ಮನೆಗಳಿಗೆ ಹಾಲು ಹಾಕುತ್ತಿದ್ದೆ. ಆ ಚುನಾವಣೆಗೆ ಕಂಟ್ರಾಕ್ಟರು ಓಟು ಕೇಳಲು ಬಂದದ್ದು ಒಂದು ಮಧ್ಯಾಹ್ನ. ಕೊರಳಲ್ಲಿ ಹಾರ, ಹಿಂದೆ ಅದೇ ಮೇಸ್ತ್ರಿ. ಅತ್ತೆ ಆಗ ತಾನೇ ಅನ್ನ ಬಸಿದಿದ್ದರು. ಕುದಿಯುವ ಗಂಜಿಯ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೇಸ್ತ್ರಿಯ ಮೇಲೆ ಎರಚಿಬಿಟ್ಟರು. ಮುಖ ತಪ್ಪಿತು, ಕುತ್ತಿಗೆಯಿಂದ ಎದೆಯವರೆಗೆ ಬೆಂದಿತು. ಅವನು ಅಂಗಳದಲ್ಲಿ ಉರುಳಾಡಿ ಅರಚಿದ. ನನಗೆ ಆದ ಸಂತೋಷವನ್ನು ಯಾಕೆ ಮುಚ್ಚಿಡಲಿ, ಇನ್ನೊಂದು ಪಾತ್ರೆ ಇದೆಯೇ ಎಂದು ಒಳಗೆ ನೋಡಿದೆ.

ಅಂದು ಬಾಗಿಲು ತೆರೆಯದ ನೆರೆಹೊರೆಯವರು ಈಗ ಓಡಿ ಬಂದರು. ಬಂದು ಅತ್ತೆಯ ಕೈ ತಿರುಚಿ ಹಿಡಿದರು. ಸೈಟು ಕೊಡಿಸುತ್ತೇನೆ ಎಂದು ಕಂಟ್ರಾಕ್ಟರು ಎಲ್ಲರಿಗೂ ಹೇಳಿದ್ದ. ಅವನು ಮಾತ್ರ ನಗುತ್ತಲೇ ಇದ್ದ. "ಬಿಡ್ರಪ್ಪ, ನಮ್ಮ ತಾಯಿ ಇದ್ದಂಗೆ" ಎಂದ. ಆಮೇಲೆ ನನ್ನ ಗಂಡನ ಹತ್ತಿರ ಬಾಗಿ, ಆರೋಗ್ಯ ವಿಚಾರಿಸುವ ಹಾಗೆ ಮೆಲ್ಲಗೆ ಕೇಳಿದ. "ಎಡಗೈ ಚೆನ್ನಾಗೈತೇನಪ್ಪ?"

ಆ ಸಲ ಪದ್ಧತಿ ಬದಲಾಗಿತ್ತು. ಒಂದೇ ಚೀಟಿ, ಅದರಲ್ಲೇ ಎಲ್ಲರ ಗುರುತು. ಬೇಕಾದವರ ಗುರುತಿನ ಮೇಲೆ ಮುದ್ರೆ ಒತ್ತಿ, ಮಡಿಚಿ, ಎಲ್ಲರಿಗೂ ಒಂದೇ ಆದ ಪೆಟ್ಟಿಗೆಗೆ ಅಧಿಕಾರಿಯ ಕಣ್ಣೆದುರಿಗೇ ಹಾಕಬೇಕು. ಹೊರಗೆ ತರುವ ಮಾತೇ ಇಲ್ಲ. ನೀವು ಯಾರಿಗೆ ಒತ್ತಿದಿರಿ ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲ ಎಂದು ಶಾಲೆಯ ಮೇಷ್ಟರು ಮನೆಮನೆಗೂ ಹೇಳಿ ಹೋಗಿದ್ದರು. ನನಗೆ ರೆಕ್ಕೆ ಬಂದಂತಾಗಿತ್ತು. ಕಂಟ್ರಾಕ್ಟರನ ಎದುರಾಳಿಯ ಗುರುತಿನ ಮೇಲೆ ಮೇಜು ಅಲುಗಾಡುವ ಹಾಗೆ ಮುದ್ರೆ ಒತ್ತಿದೆ. ನಮ್ಮ ಮನೆಯಿಂದ ಕಂಟ್ರಾಕ್ಟರನಿಗೆ ಒಂದು ಓಟೂ ಇಲ್ಲ ಎಂದು ದಾರಿಯುದ್ದಕ್ಕೂ ಹಿಗ್ಗಿಕೊಂಡು ಬಂದೆ.

ಸಂಜೆ ಗಂಡನಿಗೆ ಅದನ್ನೇ ಹೇಳಿದೆ. ಅವರು ಹಸುವಿನ ಮೈ ಸವರುತ್ತ ನನ್ನ ಕಡೆ ನೋಡದೆ ಅಂದರು. "ನಾನು ಅವನಿಗೇ ಒತ್ದೆ."

"ಯಾರಿಗೂ ಗೊತ್ತಾಗ್ತಿರ್ಲಿಲ್ವಲ್ಲ!" ಎಂದು ಕಿರುಚಿದೆ. ನಿಜಕ್ಕೂ ಅವರನ್ನು ಹೊಡೆಯಬೇಕೆನ್ನಿಸಿತು.

"ಗೊತ್ತಾಗದೆ ಇರೋದ್ಕೇ ಭಯ ಕಣೆ. ಹೋದ್ಸಲ ಊರೆಲ್ಲಾ ಅವನಿಗೇ ಕೊಟ್ವಿ. ಆದ್ರೂ ಸೋತ, ಬಂದು ಜಜ್ಜಿದ. ಈಗ ಸೋತ್ರೆ ಹಾಕಿದೋನು ಯಾರು, ಹಾಕದೋನು ಯಾರು ಅಂತ ಅವನಿಗೆ ಹೆಂಗೆ ತೋರ್ಸಲಿ? ಅವನು ಗೆದ್ರೇನೇ ಈ ಕೈ ಉಳಿಯೋದು."

ಅತ್ತೆಯಾದರೂ ಬೈಯಲಿ ಎಂದು ಒಳಗೆ ತಿರುಗಿದೆ. ಗಂಜಿ ಎರಚಿದ ಹೆಂಗಸಲ್ಲವೇ. ಅವರು ಒಲೆಯ ಮುಂದೆ ಕೂತಿದ್ದರು, ಕಣ್ಣು ಮೇಲೆತ್ತಲಿಲ್ಲ. "ನಾನೂ ಅವನ್ಗೇ ಒತ್ತಿ ಬಂದೆ ಕಣಮ್ಮಿ. ನಂಗಿರೋನು ಒಬ್ನೇ ಮಗ."

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಪಾತ್ರೆ ಎಸೆದೆ. ಕೊನೆಗೆ ಜಗಲಿಯ ಮೇಲೆ ಕೂತಾಗ ನನ್ನ ಒಂದು ಓಟಿನ ನೆನಪು ಬಂತು. ಆ ಒಂದೇ ಓಟಿನಿಂದ ಅವನು ಸೋತುಬಿಟ್ಟರೆ? ಎಣಿಕೆ ಮುಗಿಯುವವರೆಗೂ ಹಾಲಿನ ಪಾತ್ರೆ ಹೊತ್ತು ಬ್ಲಾಕಿನ ಬೀದಿಗಳಲ್ಲಿ ಓಡಾಡುತ್ತ, ಅವನನ್ನು ಗೆಲ್ಲಿಸಮ್ಮ ತಾಯಿ, ಅವನನ್ನು ಗೆಲ್ಲಿಸು ಎಂದು ಮಾರಮ್ಮನನ್ನು ಬೇಡಿಕೊಂಡೆ. ಗೆದ್ದ. ಪಟಾಕಿಯ ಸದ್ದು ಕೇಳಿದಾಗ ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿಟ್ಟುಸಿರು ಬಿಟ್ಟವಳು ನಾನು.