ಕೂತವರು, ಮಲಗಿದವರು

ದೊಡ್ಡಪ್ಪನ ಧೋತರದ ಅಂಚಿಗೆ ಯಾವಾಗಲೂ ಉತ್ತರಾಣಿಯ ಮುಳ್ಳು ಹತ್ತಿರುತ್ತಿತ್ತು. ಸೀರೆ ವ್ಯಾಪಾರಿಯ ಮೈಮೇಲೆ ಇರಬಾರದ ವಸ್ತು ಅದು. ರೇಷ್ಮೆಗೆ ಒಂದು ತಗುಲಿದರೂ ಎಳೆ ಕಿತ್ತು ಮೇಲೆ ಬರುತ್ತದೆ. ಅದಕ್ಕೇ ಗಂಟು ಬಿಚ್ಚುವ ಮುಂಚೆ ಅವನು ಯಾವುದಾದರೂ ಕಟ್ಟೆಯ ಮೇಲೆ ಕೂತು, ಕಾಲಮೇಲೆ ಕಾಲು ಹಾಕಿ, ಮುಳ್ಳುಗಳನ್ನು ಉಗುರಿನಿಂದ ಕೀಳುತ್ತಿದ್ದ. ಆದರೂ ಕೆಲವು ಉಳಿದೇ ಉಳಿಯುತ್ತಿದ್ದವು. ಮನೆಗೆ ಬಂದಮೇಲೆ ದೊಡ್ಡವ್ವ ಅವನ್ನು ಹುಡುಕಿ ತೆಗೆದು ಒಲೆಗೆ ಹಾಕುತ್ತ, “ಮತ್ತ ಸತ್ತೋರ ಊರಿಗೆ ಹೋಗಿದ್ರೇನು? ಅಲ್ಲೂ ಸೀರಿ ಮಾರಾಕ ಹತ್ತೀರೇನ್ರೀ?” ಎನ್ನುತ್ತಿದ್ದಳು.

“ಅವರಿಗೆ ಬ್ಯಾಡಂತ. ಉಟ್ಟಿದ್ದು ಇನ್ನಾ ಹರಿದಿಲ್ಲಂತ.”

ನಮ್ಮದು ನಾರಾಯಣಪೇಟೆ. ನೇಯ್ಗೆಯವರ ಓಣಿಯಿಂದ ಸೀರೆ ಎತ್ತಿ, ಬಂಡಿಯಲ್ಲಿ ಮಕ್ತಲ್‌ಗೆ ಒಯ್ದು, ಅಲ್ಲಿಂದ ಮುಂದೆ ಹರಗೋಲಿನಲ್ಲಿ ಕೃಷ್ಣೆ ದಾಟಿ ಗದ್ವಾಲ, ಒಮ್ಮೊಮ್ಮೆ ಐಜದವರೆಗೂ ಹೋಗುವುದು ನಮ್ಮ ಮನೆತನದ ವ್ಯಾಪಾರ. ನಿಜಾಮನ ಆಳಿಕೆಯ ಕಡೆಯ ವರ್ಷಗಳು. ನನಗೆ ಮದುವೆಯಾದ ವರ್ಷವೇ ಅಪ್ಪ ನನ್ನನ್ನು ದೊಡ್ಡಪ್ಪನ ಜೊತೆಗೆ ಹಾಕಿದ. ಮೊದಲನೆಯ ಸಲವೇ ನನಗೆ ತಿಳಿಯಿತು: ಈ ಮನುಷ್ಯ ಯಾವ ಊರಿಗೆ ಹೋದರೂ ಮೊದಲು ಸ್ಮಶಾನಕ್ಕೆ ಹೋಗುತ್ತಾನೆ. ಪೇಟೆ, ಗಿರಾಕಿ, ಊಟ, ಎಲ್ಲವೂ ಆಮೇಲೆ.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ. ಎಡಗೈಯಲ್ಲಿ ಇಷ್ಟಲಿಂಗ, ಹಣೆತುಂಬ ವಿಭೂತಿ, ಉತ್ತರಕ್ಕೆ ಮುಖ. ಪೂಜೆಗೆ ಕೂತವರ ಹಾಗೆ. ಆದ್ದರಿಂದ ನಮ್ಮವರ ಗೋರಿ ಚೌಕ. ಮಲಗಿಸಿ ಹೂಳುವವರದು ಉದ್ದ. ದೊಡ್ಡಪ್ಪ ಬೇಲಿ ದಾಟಿ ಒಳಗೆ ಕಾಲಿಡುತ್ತಲೇ ಕಣ್ಣಾಡಿಸಿ, ಮನೆಯವರನ್ನು ಗುರುತಿಸುವಂತೆ ಹೇಳುತ್ತ ಹೋಗುತ್ತಿದ್ದ: “ಇಂವ ಕುಂತಾನ. ಇಂವ ಕುಂತಾನ. ಅಕಾ, ಅಲ್ಲೊಬ್ಬಾಂವ ಮಲಗ್ಯಾನ.” ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸುವುದು, ಜಾಲಿಯ ಟೊಂಗೆ ಸರಿಸುವುದು, ಎಕ್ಕೆಯ ಗಿಡ ಕೀಳುವುದು. ಮತ್ತೆ ಒಬ್ಬೊಬ್ಬರ ಕಥೆ. ಗದ್ವಾಲದ ಸ್ಮಶಾನದಲ್ಲಿ ಬೇವಿನ ಬುಡಕ್ಕೆ ವಾಲಿದ ಒಂದು ಕಲ್ಲಿತ್ತು. ಮೊದಲ ವರ್ಷ ಅದನ್ನು ತೋರಿಸಿ, “ಈಕಿ ಸೂಲಗಿತ್ತಿ ನೋಡು ತಮ್ಮಾ. ಅರ್ಧ ಗದ್ವಾಲ ಈಕಿ ಕೈಯಾಗ ಹುಟ್ಟೇತಿ. ತನ್ನ ಹೊಟ್ಟಿಲೆ ಒಂದೂ ಇಲ್ಲ” ಎಂದ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಮರುವರ್ಷ ಅದೇ ಕಲ್ಲಿನ ಮುಂದೆ ನಿಂತು, “ಇಂವ ಹರಗೋಲು ನಡಸಾಂವ. ಹೊಳಿ ಅಂವನ್ನ ಏನೂ ಮಾಡಲಿಲ್ಲ. ಹಿತ್ತಲ ಬಾವ್ಯಾಗ ಬಿದ್ದು ಸತ್ತ” ಎಂದ.

“ದೊಡ್ಡಪ್ಪಾ, ಹ್ವಾದ ವರ್ಷ ಇಲ್ಲಿ ಸೂಲಗಿತ್ತಿ ಕುಂತಿದ್ಲಲ್ಲ?”

ಅವನು ನಾಚಲಿಲ್ಲ. ಕಲ್ಲಿನ ಬುಡಕ್ಕೆ ಹೆಂಟೆ ಇಟ್ಟು ಗಟ್ಟಿ ಮಾಡುತ್ತ ಹೇಳಿದ: “ಹೆಸರು ಯಾರಿಗೆ ಗೊತ್ತೈತಿ? ಆದ್ರ ಖಾಲಿ ಬಿಡಬಾರ್ದಪಾ. ಯಾರರೆ ಒಬ್ಬರ ಇದ್ದಿದ್ದರು, ಹೌದಿಲ್ಲ? ಅಷ್ಟು ಖರೇ.”

ಆಗ ನನಗೆ ಸಿಟ್ಟು ಬಂದಿತ್ತು. ಸುಳ್ಳಿಗೆ ಅತ್ತೆನಲ್ಲ ಎಂದು. ಈಗ ಇದನ್ನು ಬರೆಯುವಾಗ ಅವನ ಬಗ್ಗೆ ನಾನೂ ಅದನ್ನೇ ಮಾಡುತ್ತಿರಬಹುದು ಎಂಬ ಅಳುಕು ಇದೆ. ಮುಂದೆ ಹೇಳುವ ಸಂಗತಿಯನ್ನು ಅವನು ಒಂದೇ ಸಲಕ್ಕೆ ಹೇಳಿದವನಲ್ಲ. ಸ್ವಲ್ಪ ಬಂಡಿಯಲ್ಲಿ, ಸ್ವಲ್ಪ ಹರಗೋಲಿನಲ್ಲಿ, ಸ್ವಲ್ಪ ಬೇರೆ ಯಾರದೋ ಮಾತಿನ ನಡುವೆ. ತುಂಡುಗಳು ಅವನವು, ಹೊಲಿಗೆ ನನ್ನದು.

ದೊಡ್ಡವ್ವನಿಗಿಂತ ಮೊದಲು ಅವನಿಗೆ ಒಬ್ಬ ಹೆಂಡತಿ ಇದ್ದಳು. ಮಕ್ತಲ್‌ನವಳು. ಮದುವೆಯಾದ ಮರುವರ್ಷ ಪಂಚಮಿಗೆಂದು ತವರಿಗೆ ಹೋದವಳನ್ನು ಕರೆತರಲು ಇವನು ಹೋದ. ಅದೇ ವಾರ ಊರಿನಲ್ಲಿ ಇಲಿ ಬಿದ್ದವು. ಇಲಿ ಬಿದ್ದರೆ ಪ್ಲೇಗು ಬಂತು ಎಂದೇ ಲೆಕ್ಕ. ಊರು ಬಿಟ್ಟು ಎಲ್ಲರೂ ಹೊಲಗಳಲ್ಲಿ ಗುಡಿಸಲು ಹಾಕಿದರು. ಗುಡಿಸಲಿನಲ್ಲೇ ಅವಳಿಗೆ ಜ್ವರ ಬಂತು, ಗಡ್ಡೆ ಎದ್ದಿತು, ಮಧ್ಯಾಹ್ನದ ಬಿಸಿಲಲ್ಲಿ ಹೋದಳು. ಅವಳ ಅಪ್ಪ ಪಕ್ಕದ ಚಾಪೆಯ ಮೇಲೆ ಎಚ್ಚರವಿಲ್ಲದೆ ಬಿದ್ದಿದ್ದ. ಕ್ರಿಯೆ ಮಾಡಿಸುವ ಅಯ್ಯನವರು ಊರು ಬಿಟ್ಟಿದ್ದರು. ಕರೆದರೆ ಬರುವವರಿಲ್ಲ. ಇವನು ಒಬ್ಬನೇ ಹಾರೆ ಹಿಡಿದ.

“ಗರಸು ನೆಲ. ಹಾರಿ ಹಾಕಿದ್ರ ಕಿಡಿ ಹಾರತಿದ್ದವು. ಕುಂದ್ರಸಬೇಕಂದ್ರ ಎದಿಮಟ ತಗ್ಗು ಬೇಕು. ನಾ ಮೊಣಕಾಲಮಟ ತಗದೆ, ಸೂರ್ಯ ಇಳದ. ಪೋಲೀಸ ಅಮೀನನ ಮಂದಿ ಬಂದು ಜಲ್ದಿ ಜಲ್ದಿ ಅಂದ್ರು. ಮಲಗಿಸಿಬಿಟ್ಟೆ ತಮ್ಮಾ.”

ಎಡಗೈಯಲ್ಲಿ ಲಿಂಗ ಇಟ್ಟನಂತೆ. ಕೂತವರ ಕೈ ಮಡಿಲಲ್ಲಿ ನಿಲ್ಲುತ್ತದೆ. ಮಲಗಿದವಳ ಕೈ ತೆರೆದು ತೆರೆದು ಲಿಂಗ ಜಾರುತ್ತಿತ್ತು. ಕಡೆಗೆ ತನ್ನ ಪಂಚೆಯ ಅಂಚು ಹರಿದು ಕೈಗೆ ಕಟ್ಟಿದನಂತೆ. ಮರುದಿನ ಅವನಿಗೇ ಜ್ವರ. ಯಾರೋ ಬಂಡಿಯಲ್ಲಿ ಹಾಕಿ ನಾರಾಯಣಪೇಟೆಗೆ ಮುಟ್ಟಿಸಿದರು. ತಿಂಗಳುಗಳ ಮೇಲೆ ಅವನು ಎದ್ದು ಮಕ್ತಲ್‌ಗೆ ಹೋದಾಗ ಆ ಹೊಲದ ಬದುವಿನ ಗುಂಟ ಅಂಥವೇ ಉದ್ದನೆಯ ದಿಬ್ಬಗಳು. ಯಾವುದರ ಮೇಲೂ ಕಲ್ಲಿಲ್ಲ. ತಾನು ಕಲ್ಲು ಇಟ್ಟಿದ್ದೆನೋ ಇಲ್ಲವೋ ಅವನಿಗೆ ನೆನಪಿಲ್ಲ.

ಮಲಗಿಸಿದ್ದು ತಪ್ಪೆಂದು ಊರಲ್ಲಿ ಯಾರೂ ಅನ್ನಲಿಲ್ಲ. ಆ ವರ್ಷ ಎಲ್ಲರ ಮನೆಯಲ್ಲೂ ಅದೇ ಆಗಿತ್ತು. ಆದರೆ ಅವಳನ್ನು ಎಬ್ಬಿಸಿ ಕೂರಿಸಬೇಕು ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತು. ಇನ್ನೊಂದು ಮದುವೆಯಾದ, ವ್ಯಾಪಾರ ಬೆಳೆಸಿದ, ಕೂದಲು ಬೆಳ್ಳಗಾದವು. ಆ ಮಾತು ಮಾತ್ರ ಎದ್ದು ಹೋಗಲಿಲ್ಲ.

ನಾನು ಅವನ ಜೊತೆ ತಿರುಗತೊಡಗಿ ಮೂರೋ ನಾಲ್ಕೋ ವರ್ಷಕ್ಕೆ ಸುದ್ದಿ ಬಂತು. ಬೀಳುಬಿಟ್ಟಿದ್ದ ಆ ಬದುವಿನ ಪಟ್ಟಿಯನ್ನೂ ಈ ಮುಂಗಾರಿಗೆ ಸೇಂಗಾ ಬಿತ್ತಲು ಹೊಲದ ಯಜಮಾನ ಹಸನು ಮಾಡಿಸುತ್ತಿದ್ದಾನೆ. ನೇಗಿಲು ಹೋದರೆ ದಿಬ್ಬಗಳು ಹೋದವು. ದೊಡ್ಡಪ್ಪ ಅವತ್ತೇ ಬಂಡಿ ಕಟ್ಟಿಸಿದ. ಮಕ್ತಲ್‌ನ ಅಯ್ಯನವರನ್ನು ಕಂಡು ಒಪ್ಪಿಸಿದ: ಎಲುಬು ಸಿಕ್ಕರೆ ಸಾಕು, ಬಟ್ಟೆಯಲ್ಲಿ ಕಟ್ಟಿ ತಂದು ಕೂರಿಸುವುದು. ಆ ಊರಿನ ನಮ್ಮವರ ರುದ್ರಭೂಮಿಯಲ್ಲಿ ಚೌಕದ ಗುಂಡಿ ತೋಡಿಸಿದ. ವಿಭೂತಿ, ಬಿಲ್ವಪತ್ರೆ ಎಲ್ಲಾ ಅಲ್ಲಿಟ್ಟು, ನಮ್ಮ ಗಂಟಿನಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಸೀರೆ ತೆಗೆದುಕೊಂಡು ಹೊಲಕ್ಕೆ ನಡೆದ. ಚೌಕಡಿಯ ಸೀರೆ ಎಂಬುದು ಖಂಡಿತ. ಬಣ್ಣ ಒಮ್ಮೆ ನನಗೆ ದಾಳಿಂಬೆಯಾಗಿ ಕಾಣುತ್ತದೆ, ಒಮ್ಮೆ ಹಸಿರಾಗಿ.

ಹೊಲದ ಯಜಮಾನ ಒಳ್ಳೆಯವನು. ಅರ್ಧ ತೆಲುಗು, ಅರ್ಧ ಕನ್ನಡ. ತಾನೇ ಇಬ್ಬರು ಆಳುಗಳಿಗೆ ಗುದ್ದಲಿ ಕೊಟ್ಟು ನಿಲ್ಲಿಸಿದ್ದ. ಬದುವಿನಲ್ಲಿ ಉಳಿದಿದ್ದದ್ದು ನಾಲ್ಕೈದು ದಿಬ್ಬ. “ಏದಯ್ಯಾ ಸಾವ್ಕಾರಾ, ನೀದಿ?” ಎಂದ. ಯಾವುದು ನಿನ್ನದು?

ದೊಡ್ಡಪ್ಪ ರುಮಾಲು ತೆಗೆದು ನನ್ನ ಕೈಗೆ ಕೊಟ್ಟ. ಮೊದಲ ದಿಬ್ಬದ ಪಕ್ಕ ನೆಲದ ಮೇಲೆ ಅಂಗಾತ ಮಲಗಿದ. ಕಾಲು ಜೋಡಿಸಿ, ತನ್ನ ಭುಜ ಎಲ್ಲಿಗೆ ಬರುತ್ತದೆ ಎಂದು ಕತ್ತು ಹೊರಳಿಸಿ ನೋಡಿದ. ಎದ್ದು ಎರಡನೆಯದರ ಪಕ್ಕ ಮಲಗಿದ. ಆಳುಗಳಲ್ಲಿ ಒಬ್ಬ ನಕ್ಕ.

“ಸಾವ್ಕಾರ ಜಾಗಾ ಪಸಂದ ಮಾಡಾಕ ಹತ್ತ್ಯಾನಲೇ.”

“ಆಕಿ ನನ್ನ ಭುಜದಮಟ ಬರತಿದ್ಲು,” ಎಂದ ದೊಡ್ಡಪ್ಪ, ಆಕಾಶಕ್ಕೆ. ನಕ್ಕವನು ಗುದ್ದಲಿ ಕೆಳಗಿಟ್ಟ.

ಕೊನೆಯ ದಿಬ್ಬದ ಪಕ್ಕ ಅವನು ತುಂಬ ಹೊತ್ತು ಮಲಗಿದ್ದ. ನಿದ್ದೆ ಹೋದನೇನೋ ಎಂದು ನಾನು ಹತ್ತಿರ ಹೋದೆ. ಕಣ್ಣು ತೆರೆದೇ ಇದ್ದವು. ಎಬ್ಬಿಸಿದಾಗ ಬೆನ್ನ ತುಂಬ ಉತ್ತರಾಣಿ.

“ಎಲ್ಲಾವೂ ಆಕಿಯಷ್ಟ ಅದಾವಪಾ,” ಎಂದ.

“ಒಂದು ತಗಿಸಿ ನೋಡೂಣು. ಅಲ್ಲಂದ್ರ ಇನ್ನೊಂದು,” ಎಂದೆ ನಾನು. ಯಜಮಾನನೂ ತಲೆಯಾಡಿಸಿದ.

ದೊಡ್ಡಪ್ಪ ನನ್ನನ್ನು ನೋಡಿದ ರೀತಿ ನೆನಪಿದೆ. ಅದರಲ್ಲಿ ನನಗೆ ಸಂಶಯವಿಲ್ಲ. “ಅಲ್ಲಂದ್ರ? ಅಲ್ಲಂದ್ರ ಅದು ಯಾರೋ ಅದಾರಲ್ಲೋ. ಅವರನ್ನ ಎಬ್ಬಿಸಿ ಏನಂತ ಹೇಳ್ಲಿ? ನೀ ಅಲ್ಲ, ಮಲಕ್ಕೋ ಅಂತ ಹೇಳ್ಲೇನು?”

ಯಜಮಾನನಿಗೆ ಕೈಮುಗಿದು ಬಂದುಬಿಟ್ಟ. ರುದ್ರಭೂಮಿಯಲ್ಲಿ ಅಯ್ಯನವರು ಕಾಯುತ್ತಿದ್ದರು. ಬರಿಗೈ ನೋಡಿ ಅವರ ಮುಖ ಸಣ್ಣದಾಯಿತು. ತೋಡಿದ ಗುಂಡಿಯನ್ನು ಬರಿದು ಬಿಡಬಾರದು. ಅದು ಬಾಯಿ ತೆರೆದುಕೊಂಡೇ ಇರುತ್ತದೆ, ಯಾರನ್ನಾದರೂ ಕರೆಯುತ್ತದೆ ಎಂದು ನಮ್ಮಲ್ಲಿ ಮಾತು. ದೊಡ್ಡಪ್ಪ ಗುಂಡಿಯ ಮೆಟ್ಟಿಲಿಳಿದು, ಸೀರೆಯ ಮಡಿಕೆಯನ್ನು ಗೋಡೆಗೆ ಆನಿಸಿ ನೆಟ್ಟಗೆ ನಿಲ್ಲಿಸಿದ. ಅದು ಬಾಗಿತು. ಎರಡೂ ಬದಿಗೆ ವಿಭೂತಿಗಟ್ಟಿ ಒತ್ತಿ ಮತ್ತೆ ನಿಲ್ಲಿಸಿದ. ಮೇಲೆ ಪತ್ರೆ, ಮಣ್ಣು. ಮಕ್ತಲ್‌ನಲ್ಲಿ ಆ ಚೌಕದೊಳಗೆ ಈಗಲೂ ಒಂದು ಸೀರೆ ಕೂತಿರಬೇಕು.

ಮನೆಯಲ್ಲಿ ದೊಡ್ಡವ್ವ ಎಲ್ಲಾ ಕೇಳಿಸಿಕೊಂಡು, ಅವನ ಬೆನ್ನಿನ ಮುಳ್ಳು ಕೀಳುತ್ತ, “ಗೌರಿ ಹುಣ್ಣಿಮಿಗೆ ನನಗ ಅಂತ ತಗದಿಟ್ಟಿದ್ದಿರಲ್ಲ, ಆ ಸೀರಿ ಏನು?” ಎಂದು ಕೇಳಿದಳು. ಅವನು ತಲೆ ತಗ್ಗಿಸಿದ. ಅವಳ ಕೈ ನಿಂತಿತು. ಆಮೇಲೆ, “ಉಟ್ಟುಕೊಳ್ಳಲಿ ಬಿಡ್ರಿ. ಬಂದಾಗಿಂದ ಆಕಿ ಗಂಡನ್ನ ನಾ ಇಟಗೊಂಡೀನಿ,” ಎಂದಳು. ಆ ದಿನ ಅವಳು ಕಿತ್ತ ಮುಳ್ಳುಗಳು ಒಲೆಯವರೆಗೆ ಹೋಗಲಿಲ್ಲ, ಅಲ್ಲೇ ನೆಲದ ಮೇಲೆ ಬಿದ್ದಿದ್ದವು.

ಆ ಮಳೆಗಾಲದಲ್ಲಿ ನಾವು ಮತ್ತೆ ಆ ದಾರಿಯಲ್ಲಿ ಹೋದಾಗ ಹೊಲ ಸಪಾಟಾಗಿತ್ತು. ಸೇಂಗಾ ಹಳದಿ ಹೂ ಬಿಟ್ಟಿತ್ತು. ದೊಡ್ಡಪ್ಪ ಬಂಡಿ ನಿಲ್ಲಿಸಲಿಲ್ಲ. ಸ್ವಲ್ಪ ದೂರ ಹೋದಮೇಲೆ ಹೇಳಿದ: “ಆಕಿನ್ನ ಕುಂದ್ರಸಾಕ ನನ್ನಿಂದ ಆಗಲಿಲ್ಲ. ನನ್ನ ಮಲಗಸ್ರಿ. ಅಷ್ಟು ಮಾಡು ತಮ್ಮಾ.”

ಅಂದಿನಿಂದ ಅವನು ಈ ಮಾತನ್ನು ಮುಚ್ಚಿಡಲಿಲ್ಲ. ಕಟ್ಟೆಯ ಮೇಲೆ ಹೇಳಿದ, ಹಿರಿಯರಿಗೆ ಹೇಳಿದ, ನೇಕಾರರಿಗೆ ಹೇಳಿದ. ಕೆಲವರು ನಕ್ಕರು, ಕೆಲವರು ಬೈದರು.

ಅವನು ಹೋದದ್ದು ಬೇಸಿಗೆಯ ಒಂದು ಬೆಳಿಗ್ಗೆ, ಗಂಟು ಕಟ್ಟುತ್ತ. ನಮ್ಮ ರೂಢಿಯಂತೆ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದರು. ಕುರ್ಚಿಯಲ್ಲಿ ಹೊತ್ತು ರುದ್ರಭೂಮಿಗೆ ಒಯ್ದರು. ಗುಂಡಿಯ ಹತ್ತಿರ ನಾನು ಅವನ ಮಾತನ್ನು ಎತ್ತಿದೆ. ಓಣಿಯ ಹಿರಿಯರೊಬ್ಬರು ಕೋಲು ನೆಲಕ್ಕೆ ಕುಟ್ಟಿದರು. “ಹುಚ್ಚೇನೋ ನಿನಗ? ನಮ್ಮ ಮಂದಿಯೊಳಗ ಎಂದಾರ ಆಗೇತೇನು? ಅಂವಗ ಪ್ಲೇಗು ಬಂದಿತ್ತೇನು?” ನಮ್ಮೂರ ಅಯ್ಯನವರು ಬೈಯಲಿಲ್ಲ. ಆಗೋದಿಲ್ಲ ಎಂದು ಮೆಲ್ಲಗೆ ಹೇಳಿ ಪತ್ರೆಯ ಬುಟ್ಟಿ ಎತ್ತಿಕೊಂಡರು. ಮುಗಿಯಿತು ಎಂದು ನಾನು ಗುಂಡಿಗಿಳಿದೆ. ಅವನನ್ನು ಕೂರಿಸಿದೆವು, ಉತ್ತರಕ್ಕೆ ಮುಖ ಮಾಡಿ.

ಆಗ ಹೆಂಗಸರ ಗುಂಪಿನಿಂದ ದೊಡ್ಡವ್ವ ಮುಂದೆ ಬಂದಳು. “ಕುಂದ್ರಸ್ರಿ. ಬ್ಯಾಡನ್ನೂದಿಲ್ಲ. ಆದ್ರ ಮಾರಿ ಆ ಕಡೆ ತಿರುವ್ರಿ.” ಕೈ ತೋರಿಸಿದ್ದು ತೆಂಕಣಕ್ಕೆ. ನಾರಾಯಣಪೇಟೆಯಿಂದ ಮಕ್ತಲ್ ಇರುವುದು ನೇರ ತೆಂಕಣಕ್ಕೆ.

“ಅದು ಯಮನ ದಿಕ್ಕು ತಾಯೀ,” ಎಂದರು ಅಯ್ಯನವರು.

“ಕೈಯಾಗ ಲಿಂಗ ಐತಲ್ರೀ ಅಯ್ಯನೋರ. ಯಮ ಏನು ಮಾಡ್ತಾನ?”

ಅಯ್ಯನವರು ಹಿರಿಯರ ಕಡೆ ನೋಡಲಿಲ್ಲ. ಗುಂಡಿಯ ಕಡೆ ನೋಡಿ, “ತಿರುವ್ರಿ,” ಎಂದರು.

ತಿರುಗಿಸಿದೆವು. ಇಕ್ಕಟ್ಟಿನ ಜಾಗ, ಅವನ ತಲೆ ನನ್ನ ಎದೆಗೆ ಆನಿತು, ಭುಜ ಗೋಡೆಗೆ ಉಜ್ಜಿ ಮಣ್ಣು ಉದುರಿತು. ನನ್ನ ಹೆಂಡತಿ ಅಲ್ಲೇ ಇದ್ದಳು. ದೊಡ್ಡವ್ವ ಅಷ್ಟೆಲ್ಲ ಮಾತಾಡಲಿಲ್ಲ, ಬರೀ ಕೈ ತೋರಿಸಿದಳು, ಉಳಿದದ್ದು ನೀವು ಸೇರಿಸಿದ್ದು ಎನ್ನುತ್ತಾಳೆ. ಇದ್ದರೂ ಇರಬಹುದು. ಆದರೆ ಅವನು ತೆಂಕಣಕ್ಕೆ ಮುಖ ಮಾಡಿ ಕೂತಿದ್ದಾನೆ. ಆ ಭಾರ ಈ ತೋಳುಗಳಿಗೆ ಗೊತ್ತು.

ವರ್ಷ ತುಂಬುವ ಹೊತ್ತಿಗೆ ನಾನೊಬ್ಬನೇ ವ್ಯಾಪಾರಕ್ಕೆ ಹೋಗುತ್ತಿದ್ದೆ. ಒಂದು ಸಂಜೆ ಪಡಸಾಲೆಯಲ್ಲಿ ದೊಡ್ಡವ್ವ ಸೀರೆ ಮಡಿಸಲು ಕೂತಿದ್ದಳು. ಅವಳು ಉಟ್ಟ ಸೀರೆಯ ಅಂಚಿನಲ್ಲಿ ಉತ್ತರಾಣಿಯ ಮುಳ್ಳು. ಕೀಳಲು ಕೈ ಚಾಚಿದೆ. ಅಂಚನ್ನು ಎಳೆದುಕೊಂಡಳು.

“ಇರಲಿ ಬಿಡು.”

“ಮಕ್ತಲಕ್ಕ ಹೋಗಿದ್ದಿಯೇನು ದೊಡ್ಡವ್ವಾ?”

“ಸೀರಿ ಹೆಂಗ ಐತಿ ನೋಡಿ ಬರೂಣಂತ ಹೋಗಿದ್ದೆ.” ಮಡಿಕೆಯ ಮೇಲೆ ಅಂಗೈ ಒತ್ತಿ ಸಮ ಮಾಡಿದಳು. “ಬಾಜೂಕ ಒಂದು ಕಲ್ಲು ಬಿದ್ದಿತ್ತು, ಎತ್ತಿ ನಿಲ್ಲಿಸಿ ಬಂದೆ. ಅಲ್ಲಿ ಕುಂತಾಕಿ ಹಪ್ಪಳ ಮಾಡತಿದ್ಲಂತ. ಬಾಳ ತೆಳ್ಳಗ.”

“ಯಾರು ಹೇಳಿದ್ರು?”

ದೊಡ್ಡವ್ವ ಇನ್ನೊಂದು ಸೀರೆಯನ್ನು ಎಳೆದುಕೊಂಡಳು. “ಯಾರು ಹೇಳಬೇಕು ತಮ್ಮಾ?” ಎಂದಳು. “ಖಾಲಿ ಇತ್ತು.”