ಬೆಳ್ಯಾನಿಗೆ ಕೊಟ್ಟ ಮಾತು

ಜಂಬಣ್ಣ ಸಿಂಧನೂರಿನ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಹೇಳುತ್ತಿದ್ದ. ಅವನು ಸೇರಿದ ೧೯೮೧ರಲ್ಲಿ ಆ ವಿಷಯ ತೆಗೆದುಕೊಂಡವರು ಏಳು ಮಂದಿ. ಅವರಲ್ಲಿ ಐವರು ಬೇರೆ ಯಾವುದರಲ್ಲೂ ಸೀಟು ಸಿಗದೆ ಬಂದವರು. ಅವನ ಕೆಲಸವೇನೆಂದು ಊರಿನವರಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಕೇಳಿದವರಿಗೆ, "ದನದ ಜೋಡಿ, ನೆಲದ ಜೋಡಿ ಮನಷ್ಯಾ ಹೆಂಗ ನಡಕೋಬೇಕು ಅಂತ ವಿಚಾರ ಮಾಡಾಕತ್ತೀನ್ರಿ" ಎನ್ನುತ್ತಿದ್ದ. ಪಾಪ, ಓದಿ ಓದಿ ಹೀಗಾಗಿದೆ ಎಂದುಕೊಂಡು ಅವರು ಚಹಾ ಕುಡಿಸಿ ಕಳಿಸುತ್ತಿದ್ದರು.

ಅವನ ಊರು ಲಿಂಗಸುಗೂರಿನ ಆಚೆಯ ಗುರುಗುಂಟಾ. ಮಳೆ ನಂಬಿದ ಹೊಲ, ಒಂದು ಜೋಡಿ ಎತ್ತು, ನಾಲ್ಕಾರು ಆಡು ಇದ್ದ ಮನೆ. ಧಾರವಾಡದಲ್ಲಿ ಎಂ.ಎ. ಓದುವಾಗ ಜೊತೆಗಾರರೆಲ್ಲ ಆತ್ಮ, ಮಾಯೆ, ಮೋಕ್ಷ ಎಂದು ದೊಡ್ಡ ದೊಡ್ಡ ವಿಷಯ ಹಿಡಿದುಕೊಂಡರೆ ಈ ಮಹಾಶಯ ಎತ್ತು ಹಿಡಿದುಕೊಂಡ. ಹಿಡಿಸಿದವನು ಅವನ ಅಪ್ಪ ಲಾಲಪ್ಪ.

ಲಾಲಪ್ಪ ಸಾಯುವ ಹಿಂದಿನ ದಿನ ತನ್ನ ಮಂಚವನ್ನು ದನ ಕಟ್ಟುವ ಕಡೆಗೆ ಹೊರಿಸಿಕೊಂಡ. ಅಲ್ಲಿ ಬೆಳ್ಯಾ ಎಂಬ ಬಿಳಿ ಎತ್ತಿತ್ತು. ಹೆಂಡತಿ ಮುದುಕಮ್ಮ, ದೊಡ್ಡ ಮಗ ಜಂಬಣ್ಣ, ಸಣ್ಣ ಮಗ ತಾಯಪ್ಪ, ಮೂವರ ಕೈಯನ್ನೂ ಎತ್ತಿನ ಬೆನ್ನ ಮೇಲೆ ಇರಿಸಿದ. "ಇವ ದುಡದು ಸೋತ ಮ್ಯಾಗ ಸಂತೀಗೆ ಹೊಡೀಬ್ಯಾಡ್ರಿ. ಕೂಡ್ರಿಸಿ ಮೇವು ಹಾಕ್ರಿ. ಸತ್ತರ ನನ್ನ ಹೊಲದಾಗ, ನನ್ನ ಮಗ್ಗಲಾಗ ಮಣ್ಣು ಮಾಡ್ರಿ. ಮಾತು ಕೊಡ್ರಿ, ನನಗಲ್ಲ, ಅವಗ" ಎಂದ. ಮೂವರೂ ಎತ್ತಿಗೆ ಮಾತು ಕೊಟ್ಟರು. ಎತ್ತು ಮೇವು ತಿನ್ನುತ್ತಲೇ ಇತ್ತು.

ಜಂಬಣ್ಣ ತನ್ನ ಇಡೀ ವಿದ್ಯೆಯನ್ನು ಆ ಒಂದು ಗಳಿಗೆಯ ಮೇಲೆ ಕಟ್ಟಿದ. ಮಾತು ತಿಳಿಯದ ಜೀವಕ್ಕೆ ಕೊಟ್ಟ ಮಾತು, ಮಾತು ಹೌದೋ ಅಲ್ಲವೋ? ತಪ್ಪಿದರೆ ಎತ್ತೇನು ಪಂಚಾಯ್ತಿ ಸೇರಿಸುತ್ತದೆಯೇ? ಮಾತು ಕಟ್ಟಿಹಾಕುವುದು ಕೊಟ್ಟವನನ್ನು, ಎಂದು ಬರೆದ. ಕೇಳಿಸಿಕೊಂಡ ಜೀವ ಮೂಕವಾದಷ್ಟೂ ಕೊಟ್ಟವನ ಹೊಣೆ ಹೆಚ್ಚು, ಏಕೆಂದರೆ ಅದು ಎಲ್ಲಿಯೂ ಹೋಗಿ ದೂರಲಾರದು. ಮುಂದೆ ಇದನ್ನೇ ನೆಲಕ್ಕೂ ತಂದ. ಜವಳಗೇರಾ, ಮುಕ್ಕುಂದದ ಕಾಲುವೆ ಬಯಲಿನಲ್ಲಿ ಸೈಕಲ್ ಹೊಡೆದುಕೊಂಡು ತಿರುಗಿದ. ಭತ್ತದ ಮೇಲೆ ಭತ್ತ ಹಾಕಿ ಉಪ್ಪೇರಿ ಸವಳು ಎದ್ದ ಗದ್ದೆಗಳನ್ನು ನೋಡಿ, ಔಷಧಿ ಹೊಡೆದ ಮರುದಿನ ಬದುವಿನ ಮೇಲೆ ಬಿದ್ದಿದ್ದ ಕೊಕ್ಕರೆಗಳನ್ನು ನೋಡಿ ಬರೆದುಕೊಂಡ. "ನೆಲಕ್ಕೇನು ತಿಳಿತದ್ರೀ ಸರ?" ಎಂದು ರೈತರು ನಕ್ಕರೆ, ಗುರುಗುಂಟಾದ ನಮ್ಮ ಮನೆಗೆ ಬಂದು ನೋಡ್ರಿ ಎನ್ನುತ್ತಿದ್ದ. ಮೈಸೂರಿನ ಒಂದು ಪತ್ರಿಕೆ ಅವನ ಬರಹಗಳನ್ನು ಹಾಕತೊಡಗಿತು. ಎಲ್ಲ ಬರಹದಲ್ಲೂ ಬೆಳ್ಯಾ ಇರುತ್ತಿದ್ದ.

ಜಂಬಣ್ಣ ಊರಿಗೆ ಹೋಗುತ್ತಿದ್ದದ್ದು ವರ್ಷಕ್ಕೊಮ್ಮೆ, ಕಾರಹುಣ್ಣಿಮೆಗೆ. ಅಂದು ಎತ್ತಿಗೆ ನೊಗ ಹೂಡುವುದಿಲ್ಲ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಬೆನ್ನ ಮೇಲೆ ಬಣ್ಣದ ಬಟ್ಟೆಯ ಜೂಲು ಹೊದಿಸಿ, ಹಣೆಗೆ ಗೊಂಡೆ ಕಟ್ಟಿ ನಿಲ್ಲಿಸುತ್ತಾರೆ. ಇವನು ಬಸ್ಸಿನಿಂದ ಇಳಿದವನೇ ಬೆಳ್ಯಾನ ಬೆನ್ನ ಮೇಲೆ ಕೈಯಾಡಿಸಿ, ಹೋಳಿಗೆ ಉಂಡು, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದ. ವರ್ಷ ಕಳೆದರೂ ಎತ್ತು ಸೊರಗದ್ದನ್ನು ಕಂಡು ಹಿಗ್ಗುತ್ತಿದ್ದ. ಮಾತು ಉಳಿಸಿಕೊಂಡ ಮನೆಯಲ್ಲಿ ದನಕ್ಕೂ ಆಯುಷ್ಯ ಹೆಚ್ಚು ಎಂದು ಒಂದು ಲೇಖನದಲ್ಲಿ ಬರೆದೂಬಿಟ್ಟ. ತತ್ವಜ್ಞಾನಿಗೂ ಒಮ್ಮೊಮ್ಮೆ ಕಣ್ಣಿರುವುದಿಲ್ಲ.

೧೯೯೪ರ ಕಾರಹುಣ್ಣಿಮೆಗೆ ಅವನು ಸಿಂಧನೂರಿನಿಂದ ಫೋಟೋದವನನ್ನೂ ಕರೆದೊಯ್ದ. ಪತ್ರಿಕೆಯವರು ಜಂಬಣ್ಣನ ಮೇಲೆಯೇ ಒಂದು ವಿಶೇಷ ಸಂಚಿಕೆ ತರುವವರಿದ್ದರು. ಲೇಖನವನ್ನು ಅವನು ಆಗಲೇ ಕಳಿಸಿದ್ದ, ಅದರ ಜೊತೆಗೆ ಬೆಳ್ಯಾನ ಚಿತ್ರ ಬೇಕೆಂದಿದ್ದರು. ವಾರದ ಮೇಲೆ ಫೋಟೋ ಕೈಗೆ ಬಂತು. ಒಂದು ಪ್ರತಿಯನ್ನು ಮೈಸೂರಿಗೆ ಕಳಿಸಿ, ಇನ್ನೊಂದನ್ನು ಕಿಸೆಯಲ್ಲಿಟ್ಟುಕೊಂಡೇ ಮಸ್ಕಿಗೆ ಭಾಷಣಕ್ಕೆ ಹೋದ. ಬಸ್ ನಿಲ್ದಾಣದ ಹತ್ತಿರ ಬೇವಿನ ಮರದಡಿ ನನ್ನೇಸಾಬ ಎತ್ತೊಂದನ್ನು ಕೆಡವಿ ಲಾಳ ಕಟ್ಟುತ್ತಿದ್ದ. ಮೊದಲು ಊರೂರು ತಿರುಗುತ್ತಿದ್ದವನು. ಟ್ರ್ಯಾಕ್ಟರ್ ಹೆಚ್ಚಾದ ಮೇಲೆ ಮಸ್ಕಿಯಲ್ಲೇ ಕೂತಿದ್ದ. ಬೆಳ್ಯಾನಿಗೆ ಲಾಳ ಕಟ್ಟಿದವನು ಅವನೇ. ಜಂಬಣ್ಣ ಖುಷಿಯಿಂದ ಫೋಟೋ ತೋರಿಸಿದ.

ನನ್ನೇಸಾಬ ಜೂಲು, ಗೊಂಡೆ, ಕೊಂಬು ಒಂದನ್ನೂ ನೋಡಲಿಲ್ಲ. ಕಾಲು ನೋಡಿದ. ಚಿತ್ರದಲ್ಲಿ ಎತ್ತು ಎಡ ಮುಂಗಾಲನ್ನು ಕೊಂಚ ಎತ್ತಿತ್ತು.

"ಇದು ಯಾರ ಎತ್ರೀ ಸರ?"

"ಬೆಳ್ಯಾ. ಗುರ್ತು ಸಿಗಲಿಲ್ಲೇನು?"

"ಬೆಳ್ಯಾನ ಈ ಕಾಲಿಂದು ಒಳಗೊರಸು ಸೊಟ್ಟ ಇತ್ರಿ. ಅವನ ಲಾಳ ನಾ ಬ್ಯಾರೆನ ಬಡೀತಿದ್ದೆ. ಇದು ನೆಟ್ಟಗೈತಿ." ಮತ್ತೊಮ್ಮೆ ಬಗ್ಗಿ ನೋಡಿದ. "ಹೊಸಾ ಲಾಳ ಬ್ಯಾರೆ ಕಟ್ಯಾರ. ಕುಂತು ತಿನ್ನೋ ಎತ್ತಿಗೆ ಲಾಳ ಯಾಕ್ರಿ?"

ಹದಿನೈದು ವರ್ಷ ಬೆಳ್ಯಾನ ಬಗ್ಗೆ ಬರೆದ ಜಂಬಣ್ಣನಿಗೆ ಅವನ ಗೊರಸು ಸೊಟ್ಟ ಇದ್ದದ್ದು ಗೊತ್ತಿರಲಿಲ್ಲ. ಅವನು ಭಾಷಣ ಬಿಟ್ಟು ಲಿಂಗಸುಗೂರಿನ ಬಸ್ಸು ಹತ್ತಿದ.

ಗುರುಗುಂಟಾ ಮುಟ್ಟಿದಾಗ ಇಳಿಹೊತ್ತು. ತಾಯಪ್ಪ ಹೊಲದಿಂದ ಬರುತ್ತಿದ್ದ. 'ಬೆಳ್ಯಾ' ಇನ್ನೊಂದು ಎತ್ತಿನ ಜೊತೆ ನೊಗ ಹೊತ್ತು ಅವನ ಮುಂದೆ ನಡೆದಿತ್ತು. ಕೇಳುವುದೇ ಬೇಡವಾಯಿತು. ಆದರೂ ಕೇಳಿದ.

"ಬೆಳ್ಯಾ ಎಲ್ಲೆದಾನ?"

ತಾಯಪ್ಪ ಎತ್ತು ಬಿಚ್ಚಿ ಕಟ್ಟಿದ ಮೇಲೆ ಉತ್ತರ ಕೊಟ್ಟ. "ನಾಕು ವರ್ಷಾತು ಅಣ್ಣ, ಸಂತೀಗೆ ಹೊಡದು. ಅವನ ಜೋಡೆತ್ತು ಸತ್ತಿತ್ತು. ಇವ ಕೆಲಸಕ್ಕ ಬರತಿದ್ದಿಲ್ಲ. ಬದಲಿ ಮಾಡಿ ಇದನ್ನ ತಂದೆ."

"ಮಾತು ಕೊಟ್ಟಿದ್ವಿ ತಾಯಪ್ಪ."

"ಕೊಟ್ಟಿದ್ವಿ. ಮೂರು ಮಂದಿ ಕೊಟ್ಟಿದ್ವಿ, ಸಗಣಿ ಬಳಿಯಾಕ ನಾ ಒಬ್ಬನ ಇದ್ದೆ." ತಾಯಪ್ಪನ ದನಿ ಏರಿತು. "ನೀ ವರ್ಷಕ್ಕೊಮ್ಮೆ ಬರಾಂವ. ಬೆನ್ನ ಮ್ಯಾಲೆ ಕೈ ಆಡಿಸಿ ಬರಕೊಂಡು ಹೋಗಾಂವ. ನಾಕು ಕಾರಹುಣ್ಣಿವಿ ಇದರ ಬೆನ್ನ ಮ್ಯಾಲೆ ಕೈ ಆಡಿಸೀದಿ. ನಿನಗ ಗೊತ್ತಾತೇನು?"

ಜಂಬಣ್ಣನಿಗೆ ಸಂಕಟದ ನಡುವೆಯೂ ಒಂದು ಆಸೆ ಉಳಿದಿತ್ತು. "ಅವ್ವಗ ಇದು ಗೊತ್ತಿಲ್ಲ ಹೌದಲ್ಲ?" ಎಂದ.

"ಇದನ್ನ ಆರಿಸಿದಾಕಿನ ಅವ್ವ. ಬಣ್ಣ, ಕೊಂಬು ಎಲ್ಲಾ ನೋಡಿ ಆರಿಸಿದ್ಲು. ನಿನಗ ಗುರ್ತು ಹತ್ತಬಾರದು ಅಂತ."

ಮುದುಕಮ್ಮ ಬಾಗಿಲಲ್ಲೇ ನಿಂತಿದ್ದಳು. ಇಲ್ಲವೆನ್ನಲಿಲ್ಲ. "ನೀ ನೊಂದಕೋತಿ ಅಂತಪ್ಪ" ಎಂದಳು. ತಮ್ಮ ಮಾಡಿದ್ದನ್ನು ಜಂಬಣ್ಣ ಹೇಗೋ ನುಂಗಬಹುದಿತ್ತು. ಅವ್ವ ಸಂತೆಯಲ್ಲಿ ನಿಂತು, ಎತ್ತಿನಿಂದ ಎತ್ತಿಗೆ ಹೋಗಿ, ತನ್ನ ಮಗನನ್ನು ಮೋಸಗೊಳಿಸುವಂಥದ್ದನ್ನು ಹುಡುಕಿದ್ದಳಲ್ಲ, ಅದನ್ನು ನುಂಗಲಾಗಲಿಲ್ಲ. ಊಟಕ್ಕೆ ಕರೆದರು. ಅವನು ನೀರನ್ನೂ ಮುಟ್ಟದೆ ಹೊರಟ.

ಸಿಂಧನೂರಿಗೆ ಬಂದು ಮೂರು ದಿನ ರಜೆ ಹಾಕಿ ಕೂತು ಬರೆದ. ತಾನು ಈ ಮೊದಲು ಕಳಿಸಿದ ಲೇಖನವನ್ನು ಹಾಕಬಾರದು. ಬೆಳ್ಯಾನನ್ನು ಮಾರಿದ್ದಾರೆ. ಮಾರಿದ್ದು ತಮ್ಮ, ಮುಚ್ಚಿಟ್ಟದ್ದು ತಾಯಿ, ಮುಟ್ಟಿ ನೋಡಿಯೂ ಗುರುತಿಸದೆ ಹೋದದ್ದು ತಾನು. ಮಾತು ಕೊಟ್ಟು ದೂರ ಹೋದವನು ಉಳಿದವರ ತಲೆಗೆ ಅದನ್ನು ಕಟ್ಟಿ ಹೋಗಿರುತ್ತಾನೆ ಎಂದೂ ಬರೆದ. ಅವನು ಅಲ್ಲಿಯತನಕ ಬರೆದುದರಲ್ಲಿ ಅಷ್ಟು ಸತ್ಯವಾದದ್ದು ಇನ್ನೊಂದಿರಲಿಲ್ಲ. ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ.

ಮೈಸೂರಿನಿಂದ ಕಾರ್ಡು ಬಂತು. "ಪ್ರಿಯ ಜಂಬಣ್ಣನವರೇ, ಹೊಸ ಬರಹ ಮನೆಯ ಜಗಳದಂತಿದೆ, ತತ್ವ ಕಡಿಮೆ. ಮೊದಲಿನ ಲೇಖನವೇ ಚೆನ್ನಾಗಿದೆ. ಅದನ್ನೇ ಚಿತ್ರದೊಂದಿಗೆ ಅಚ್ಚಿಗೆ ಕೊಟ್ಟಿದ್ದೇವೆ. ಓದುಗರಿಗೆ ಬೆಳ್ಯಾನ ಮೇಲೆ ತುಂಬ ಪ್ರೀತಿ." ಸಂಚಿಕೆ ಬಂತು. ಮುಖಪುಟದ ಮೇಲೆ ಜಂಬಣ್ಣ, ಅವನ ಕೈಯ ಕೆಳಗೆ ಯಾವುದೋ ಎತ್ತು. ಕಾಲೇಜಿನಲ್ಲಿ ಸನ್ಮಾನ ಮಾಡಿದರು. ಶಾಲು ಹೊದಿಸುವಾಗ ಅವನಿಗೆ ಮೈಮೇಲೆ ಜೂಲು ಹಾಕಿದಂತಾಯಿತು.

ಮರುವರ್ಷದ ಕಾರಹುಣ್ಣಿಮೆಗೆ ಹೋಗಬಾರದೆಂದೇ ಇದ್ದ. ಅವ್ವನಿಗೆ ಮೈಯಲ್ಲಿ ಆರಾಮಿಲ್ಲವೆಂದು ತಾಯಪ್ಪ ಹೇಳಿಕಳಿಸಿದ್ದರಿಂದ ಹೋದ. ಪಡಸಾಲೆಯಲ್ಲಿ, ಅಪ್ಪನ ಪಟದ ಮಗ್ಗಲಿಗೆ, ಆ ಮುಖಪುಟಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಮುದುಕಮ್ಮ ಗೋಡೆ ಹಿಡಿದು ನಿಂತು ಅದರೊಳಗಿನ ಎತ್ತಿನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಒಂದು ವರ್ಷದಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದಳು.

"ಅವ್ವಾ, ಇದು ಯಾವ ಎತ್ತು?"

"ಬೆಳ್ಯಾ."

"ಬೆಳ್ಯಾನ್ನ ಮಾರೀರಿ. ನಿನಗ ಗೊತ್ತೈತಿ."

ಅವಳು ತಿರುಗಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. "ನನಗ ಓದಾಕ ಬರಂಗಿಲ್ಲಪ್ಪ. ಊರಾಗ ಓದಿದವರೆಲ್ಲಾ ಬಂದು ಹೇಳ್ಯಾರ, ಲಾಲಪ್ಪನ ಮಾತು ಮಕ್ಕಳು ಉಳಿಸ್ಯಾರ ಅಂತ. ನೀನ ಬರದೀದಿ. ಇನ್ನ ಸ್ವಲ್ಪ ದಿನಕ್ಕ ನಾ ನಿಮ್ಮಪ್ಪನ ಕಡೀಗೆ ಹೋಗಾಕಿ. ಬೆಳ್ಯಾ ಎಲ್ಲಿ ಅಂತ ಕೇಳಿದ್ರ ಏನು ಹೇಳಲಿ?"

ಮುದುಕಮ್ಮ ವಿಭೂತಿಯ ಬಟ್ಟಲನ್ನು ಅವನ ಮುಂದೆ ಹಿಡಿದಳು.

"ನೀನೂ ಹಚ್ಚು" ಎಂದಳು.

ಜಂಬಣ್ಣ ಹಚ್ಚಿದ.