ಮೂರು ಲಾಳಿಗಳನ್ನು ತೊಳೆದ ದಿನ

ಬನಹಟ್ಟಿಯಲ್ಲಿ ಪ್ಲೇಗು ಬಿದ್ದಾಗ ಊರಿಗೆ ಊರೇ ಹೊರಗಿನ ಹೊಲಗಳಲ್ಲಿ ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡಿತ್ತು. ಬಿಟ್ಟು ಹೋದ ಮನೆಗಳನ್ನು ಶುದ್ಧ ಮಾಡಲು ಸಂಸ್ಥಾನದ ದವಾಖಾನೆಯಿಂದ ಒಂದು ತಂಡ ಬಂದಿತ್ತು. ಅದರಲ್ಲಿ ನಾನಿದ್ದೆ. ತಂಡವೆಂದರೆ ಮೂವರೇ: ಕಂಪೌಂಡರ್, ನೀರು ಹೊರುವವನು, ನಾನು. ನನ್ನ ಊರು ಸಾವಳಗಿ. ಒಕ್ಕಲುತನದ ಮನೆಯವನು. ನನಗೆ ಎತ್ತು ಗೊತ್ತಿತ್ತು, ಕೂರಿಗೆ ಗೊತ್ತಿತ್ತು, ಮಗ್ಗ ಗೊತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದೆಲ್ಲ ಆದದ್ದು ಇದರಿಂದಲೇ.

ಮೊದಲು ಮಾಳಿಗೆಗೆ ತೂತು ಹಾಕಿ ಬಿಸಿಲು ಒಳಗೆ ಬಿಡುತ್ತಿದ್ದೆವು. ಚಿಂದಿ, ಹಾಸಿಗೆ, ಸತ್ತ ಇಲಿ ಸಿಕ್ಕರೆ ಅಂಗಳದಲ್ಲಿ ಸುಡುತ್ತಿದ್ದೆವು. ಆಮೇಲೆ ತೂತಿಗೆ ಗೋಣಿಚೀಲ ಮುಚ್ಚಿ, ಕೆಂಡದ ಮೇಲೆ ಗಂಧಕ ಹಾಕಿ ಬಾಗಿಲು ಎಳೆದುಕೊಳ್ಳುತ್ತಿದ್ದೆವು. ಹೊಗೆ ಹೋದ ಮೇಲೆ ನೆಲ, ಗೋಡೆ, ಕಟ್ಟಿಗೆಯ ಸಾಮಾನುಗಳನ್ನು ರಸಕರ್ಪೂರದ ನೀರಿನಿಂದ ಒರೆಸುವುದು. ರಸಕರ್ಪೂರ ಘೋರ ವಿಷ. ನೀರೆಂದು ಯಾರೂ ಕುಡಿಯಬಾರದೆಂದು ಅದಕ್ಕೆ ನೀಲಿ ಬಣ್ಣ ಕೂಡಿಸಿರುತ್ತಿದ್ದರು. ಬಾಯಿಗೆ ತಾಗುವ ಯಾವ ವಸ್ತುವಿಗೂ ಅದನ್ನು ಮುಟ್ಟಿಸಬಾರದು, ಅಂಥವನ್ನು ಕುದಿಯುವ ನೀರಿಗೇ ಹಾಕಬೇಕು ಎಂದು ಕಂಪೌಂಡರ್ ದಿನಾ ಬೆಳಿಗ್ಗೆ ಹೇಳುತ್ತಿದ್ದರು. ತಂಬಿಗೆ, ವಾಟೆ, ಸೌಟು, ಮುದುಕರ ಹುಕ್ಕಾ. ನಾನು ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಕೆಲಸ ಮುಗಿದ ಮೇಲೆ ನಾವೂ ಬಾನಿಯಲ್ಲಿ ನಿಂತು ಕಾಲು ತೊಳೆದು, ಉಗುರುಗಳನ್ನು ತಿಕ್ಕಿ, ಉಟ್ಟ ಬಟ್ಟೆಯನ್ನು ಕುದಿಯುವ ಹಂಡೆಗೆ ಹಾಕುತ್ತಿದ್ದೆವು. ನಮ್ಮಲ್ಲಿ ಬಹಳ ಜಾಗರೂಕನೆಂದರೆ ನಾನೇ ಎಂದು ಹೆಸರಾಗಿತ್ತು.

ಆ ಓಣಿಯ ಕೊನೆಯ ಮನೆ ಒಬ್ಬ ನೇಕಾರನದು. ಮೂವತ್ತರ ಆಸುಪಾಸಿನವನು. ಅವನ ತಂದೆ ಆ ಮನೆಯಲ್ಲೇ ಬಗಲಲ್ಲಿ ಗಡ್ಡೆ ಎದ್ದು ತೀರಿಕೊಂಡಿದ್ದ. ನಾವು ಒಳಗೆ ಹೋಗುವಾಗ ಅವನು ಓಣಿಯ ಆಚೆ ನಿಂತು ಕೂಗಿ ಹೇಳಿದ:

"ಮಗ್ಗದಾಗ ಸೀರಿ ಐತಿ ನೋಡ್ರಿ. ಸುಡಬ್ಯಾಡ್ರಿ."

"ಕೊಯ್ದ ಕೊಡತೇವಿ, ಕುದಿಸ್ಕೊ," ಎಂದರು ಕಂಪೌಂಡರ್.

"ಇನ್ನ ನಾಕ ಮೊಳ ಐತ್ರಿ. ಅಪ್ಪ ಹೂಡಿದ ಹಾಸು ಅದು. ಸೀರಿ ಮುಗಿಸದ ನಡುವ ಕೊಯ್ದ್ರ ಆ ಮಗ್ಗದಾಗ ನಮ್ಮವ್ರು ಮತ್ತ ಕುಂಡ್ರೂದಿಲ್ರಿ."

ಕೊನೆಗೆ ಕಂಪೌಂಡರ್ ಸೀರೆಗೆ ಎರಡು ಸಲ ಗಂಧಕದ ಹೊಗೆ ಹಾಕುವುದೆಂದೂ, ಎಂಟು ದಿನ ಮನೆಗೆ ಯಾರೂ ಕಾಲಿಡಬಾರದೆಂದೂ ಹೇಳಿದರು. ಅವನು ಕೈ ಮುಗಿದ.

ಕುಣಿಮಗ್ಗ ಅದು. ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿಯನ್ನು ನಾನೇ ಇಳಿದು ಒರೆಸಿದೆ. ಪಕ್ಕದ ಗೂಡಿನಲ್ಲಿ ಮೂರು ಲಾಳಿಗಳಿದ್ದವು. ಕಟ್ಟಿಗೆಯವು, ಕೈ ತಾಗಿ ತಾಗಿ ನುಣುಪಾದವು. ನೇಯುವ ದಾರದ ಕಂಡಿಕೆಯನ್ನು ಒಳಗಿಟ್ಟು ಅತ್ತಿಂದಿತ್ತ ಓಡಿಸುವ ಸಾಮಾನು ಎಂಬಷ್ಟು ನನಗೆ ತಿಳಿದಿತ್ತು. ಸತ್ತವನ ಕೈ ಹೆಚ್ಚು ತಾಗಿದ್ದು ಇವುಗಳಿಗೇ ಎಂದುಕೊಂಡು, ಬರೀ ಒರೆಸದೆ ನೀಲಿ ನೀರಿನಲ್ಲಿ ಮುಳುಗಿಸಿಟ್ಟೆ. ಬೇರೆ ಕೆಲಸವೆಲ್ಲ ಮುಗಿದ ಮೇಲೆ ತೆಗೆದು ಬಿಸಿಲಿಗೆ ಒಣಗಿಸಿದೆ. ಒಣಗಿದಾಗ, ದಾರ ಹೊರಬರುವ ಸಣ್ಣ ತೂತಿನ ಸುತ್ತ ಬಿಳಿಯ ಪುಡಿಯಂಥದ್ದು ಕಂಡಿತು. ದಾರದ ಗಂಜಿ ಇರಬೇಕೆಂದುಕೊಂಡೆ. ಲಾಳಿಗಳನ್ನು ಇದ್ದ ಗೂಡಿನಲ್ಲೇ ಇಟ್ಟೆ.

ಅದಾದ ಮೂರನೆಯ ದಿನ ಮಧ್ಯಾಹ್ನ ನಾನು ಗುಡಿಸಲುಗಳ ಹತ್ತಿರ ಹಂಡೆಯಲ್ಲಿ ಬಟ್ಟೆ ತಿರುವುತ್ತಿದ್ದೆ. ಆ ನೇಕಾರನ ತಾಯಿಯೂ ಹೆಂಡತಿಯೂ ಕೌದಿ ಕುದಿಸಲು ತಂದರು.

"ಮಗಾ ಎಲ್ಲ್ಯದಾನ ಆಯಿ? ಕೌದಿ ಹಿಂಡಾಕ ಗಂಡಾಳ ಬೇಕು," ಎಂದೆ.

ಮುದುಕಿ ಸೊಸೆಯ ಮುಖ ನೋಡಿದಳು. ಸೊಸೆ ಹೇಳಿದಳು, "ಎಲ್ಲಿರತಾರ್ರಿ, ಕುಣ್ಯಾಗ. ನಾಕ ಮೊಳ ಮುಗಿಸಿ ಬರತೇನಿ ಅಂತ ಮುಂಜಾನೆ ಹ್ವಾದ್ರು. ಕಂಪೌಂಡರ್ ಸಾಹೇಬ್ರ ಮುಂದ ಹೇಳಬ್ಯಾಡ್ರಿ."

"ಎಂಟ ದಿನಾ ತಡಿಯಾಕ ಆಗಲಿಲ್ಲೇನು?"

"ನನ್ನ ಬಿಟ್ಟ ತಿಂಗಳ ಇರತಾರ. ಲಾಳಿ ಬಿಟ್ಟ ಇರೂದಿಲ್ಲ," ಎಂದು ಅವಳು ಸೆರಗು ಬಾಯಿಗೆ ಹಿಡಿದಳು. "ನನಗಿಂತ ಅದಕ್ಕ ಮುತ್ತ ಕೊಟ್ಟದ್ದ ಜಾಸ್ತಿ."

"ಸುಮ್ನಿರ ಬೇ, ಪರ ಗಂಡಸರ ಮುಂದ," ಎಂದು ಅತ್ತೆ ಗದರಿದಳು. ಆದರೆ ಅವಳೂ ನಗುತ್ತಿದ್ದಳು.

ನಾನೂ ನಕ್ಕೆ. ಕೋಲಿನಿಂದ ಒಂದು ಸುತ್ತು ತಿರುವಿದ ಮೇಲೆ ಕೇಳಿದೆ, "ಮುತ್ತು ಅಂದ್ರ?"

"ಸಾವಳಗಿ ಗೌಡ್ರಿಗೆ ಇದೂ ಗೊತ್ತಿಲ್ಲ ನೋಡ್ರಿ ಅತ್ತಿ. ಲಾಳಿ ಕಣ್ಣಿಗೆ ಬಾಯಿ ಇಟ್ಟ ಜಗ್ಗಿದ್ರನ ಎಳಿ ಹೊರಗ ಬರೂದು. ಕಂಡಿಕಿ ತೀರಿದಾಗೊಮ್ಮೆ ಹೀರಬೇಕು."

ಆ ಬಿಳಿಯ ಪುಡಿ ಕಣ್ಣ ಮುಂದೆ ಬಂತು. "ಆಯಿ, ಆ ಲಾಳಿಗೆ ವಿಷ ಐತಿ. ನಾನ ಹಚ್ಚೇನಿ. ಕಂಪೌಂಡರ್ ಸಾಹೇಬ್ರನ್ನ ಕರೀರಿ," ಎಂದು ಹೇಳಿ ಓಡಿದೆ. ಅವರು ಏನು ಅಂದರೋ ಕೇಳಲಿಲ್ಲ.

ಬನಹಟ್ಟಿ ಎಂದರೆ ಮಗ್ಗದ ಸದ್ದು. ಹೊಳೆಯ ದಂಡೆಯವರಿಗೆ ಹೊಳೆ ಕೇಳಿಸದ ಹಾಗೆ ಅಲ್ಲಿಯವರಿಗೆ ಅದು ಕೇಳಿಸುವುದಿಲ್ಲ. ಆ ದಿನ ಊರಲ್ಲಿ ನಾಯಿ ಕೂಡ ಇರಲಿಲ್ಲ. ಎಲ್ಲ ಬಾಗಿಲುಗಳ ಮೇಲೂ ಶುದ್ಧವಾಯಿತೆಂದು ನಾನೇ ಬರೆದ ಕೆಂಪು ಗುರುತು. ತೆರೆದ ಕಿಟಕಿಗಳಲ್ಲಿ ಹಣಕಿದರೆ, ಒಳಗೆ ಮಾಳಿಗೆಯ ತೂತಿನಿಂದ ಬಿಸಿಲಿನ ಕಂಬ ಇಳಿದು ಖಾಲಿ ಕುಣಿಗಳ ಮೇಲೆ ನಿಂತಿತ್ತು. ಗಂಧಕದ ವಾಸನೆ ಇನ್ನೂ ಗೋಡೆಯಲ್ಲಿತ್ತು. ಇದರ ನಡುವೆ ಒಂದೇ ಒಂದು ಮಗ್ಗ ನಡೆಯುತ್ತಿತ್ತು. ಖಟ್, ಖಟ್.

ಸದ್ದು ಕೇಳಿದಾಗ ಮೊದಲು ಜೀವ ಬಂದಂತಾಯಿತು. ನೇಯುತ್ತಿದ್ದಾನೆ ಎಂದರೆ ಇದ್ದಾನೆ. ಆಮೇಲೆ ತಿಳಿಯಿತು: ಸದ್ದು ಇರುವವರೆಗೆ ಕಂಡಿಕೆಯಲ್ಲಿ ದಾರವಿದೆ, ನಿಂತರೆ ಬಾಯಿ ಲಾಳಿಗೆ ಹೋಗುತ್ತದೆ. ನಾನು ಕೂಗಿದೆ. ನನ್ನ ಕೂಗು ಖಾಲಿ ಮನೆಗಳೊಳಗೆ ಹೋಗಿ ಬೇರೆ ಬೇರೆ ಬಾಗಿಲುಗಳಿಂದ ಹೊರಬಂತು. ಮಗ್ಗದ ಸದ್ದೂ ಹಾಗೆಯೇ ಎಲ್ಲ ಗೋಡೆಗಳಿಂದ ಬರುತ್ತಿತ್ತು. ದಿನಗಟ್ಟಲೆ ದುಡಿದ ಓಣಿ ನನಗೆ ಸಿಗಲಿಲ್ಲ. ಎರಡು ಸಲ ತಪ್ಪು ಮನೆಯ ಬಾಗಿಲು ನೂಕಿದೆ. ಎರಡೂ ಸಲ ಯಾರೋ ಈಗಷ್ಟೇ ಎದ್ದುಹೋದಂತೆ ಮಗ್ಗದ ಹಗ್ಗ ಅಲ್ಲಾಡುತ್ತಿತ್ತು. ಗಾಳಿ ಇದ್ದಿರಬೇಕು. ಗಾಳಿ ಇತ್ತೋ ಇಲ್ಲವೋ ಈಗ ನೆನಪಿಲ್ಲ.

ಸದ್ದು ನಿಂತಿತು.

ನಾನೂ ನಿಂತೆ. ಎಷ್ಟು ಹೊತ್ತೆಂದು ಹೇಳಲಾರೆ, ನಾಲ್ಕೈದು ಉಸಿರಿನಷ್ಟಿರಬಹುದು. ಮತ್ತೆ ಶುರುವಾಯಿತು, ಖಟ್, ಖಟ್, ಮೊದಲಿಗಿಂತ ನಿಧಾನವಾಗಿ.

ಮನೆ ಸಿಕ್ಕಾಗ ಅವನು ಕುಣಿಯಲ್ಲಿ ಕೂತಿದ್ದ. ಬಾಗಿಲಲ್ಲಿ ನನ್ನನ್ನು ಕಂಡು ತಪ್ಪಿತಸ್ಥನಂತೆ ನಕ್ಕ.

"ಇನ್ನೊಂದ ಗೇಣ ಅಣ್ಣಾ. ಬಯ್ಯಬ್ಯಾಡ."

ಅವನ ತುಟಿಯ ನಡುವೆ ನೀಲಿ ಚುಕ್ಕೆ ಇತ್ತು. ಸೀರೆಯ ದಾರವೂ ನೀಲಿಯದೇ. ಯಾವ ನೀಲಿ ಎಂದು ಗೊತ್ತಾಗಲಿಲ್ಲ. ಲಾಳಿ ಕಸಿದುಕೊಂಡೆ. "ಎಷ್ಟ ಕಂಡಿಕಿ ಹೀರಿದಿ?"

"ಏಳೋ ಎಂಟೋ. ಯಾಕ? ಬಾಯಿ ತಗಡ ನೆಕ್ಕಿದ್ಹಂಗ ಆಗೇತಿ," ಎಂದ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಗ್ಗದ ಮೇಲೆ ಬಾಗಿದ.

ಅವನಿಗೆ ನೀರು ಕೊಟ್ಟು ಬಾಯಿ ತೊಳೆಸಿ, ಹೆಗಲ ಮೇಲೆ ಹಾಕಿಕೊಂಡು ಹೊರಗೆ ತಂದೆ. ಊರ ಬಾಗಿಲಿಗೆ ಕಂಪೌಂಡರ್ ಎದುರಾದರು. ನಾನು ಮಾಡಿದ್ದನ್ನು ಎರಡು ಮಾತಿನಲ್ಲಿ ಹೇಳಿದೆ. ಅವರು ಬಯ್ಯಲಿಲ್ಲ. ಕಿವಿಯ ಹತ್ತಿರ ಬಂದು ಹೇಳಿದರು, "ಹಾಲಿನಾಗ ಕೋಳಿ ತತ್ತಿ ಬಿಳೀದು ಕಲಿಸಿ ಕುಡಿಸಬೇಕು. ಇಲ್ಲಾಂದ್ರ ಉಳಿಯೂದು ಕಠಿಣ."

ಅವನು ಲಿಂಗಧಾರಿ. ಆ ಮನೆಯಲ್ಲಿ ತತ್ತಿ ಎಂಬ ಮಾತನ್ನೂ ಆಡುತ್ತಿರಲಿಲ್ಲ.

ಹೊಲದ ಆಚೆ ಕುರಿ ಕೂಡಿಹಾಕಿದ್ದ ಕುರುಬರ ಗುಡಿಸಲಲ್ಲಿ ಹಾಲೂ ಸಿಕ್ಕಿತು, ನಾಲ್ಕು ತತ್ತಿಯೂ ಸಿಕ್ಕಿತು. ಅವನನ್ನು ಮಲಗಿಸಿದ್ದ ಗುಡಿಸಲಿನ ಹಿಂದೆ ಕೂತು ಒಡೆದು ಬಿಳಿಯದನ್ನು ಹಾಲಿಗೆ ಕಡೆಯುತ್ತಿದ್ದೆ. ನೆರಳು ಬಿತ್ತು. ಅವನ ತಾಯಿ ನಿಂತಿದ್ದಳು. ನನ್ನ ಕಾಲ ಬಳಿ ಸಿಪ್ಪೆಗಳಿದ್ದವು. ಅವಳು ಅವನ್ನು ನೋಡಿದಳು, ನನ್ನನ್ನು ನೋಡಿದಳು. ಸಿಪ್ಪೆಗಳ ಮೇಲೆ ಕಾಲಿನಿಂದ ಮಣ್ಣು ಎಳೆದಳು. ತಂಬಿಗೆಯನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡಳು.

ಒಳಗಿನಿಂದ ಅವಳ ದನಿ ಕೇಳಿಸಿತು. "ಕುರಿ ಹಾಲಪ್ಪಾ. ವಾಸನಿ ಇರತೈತಿ. ಮೂಗ ಮುಚ್ಚಕೊಂಡ ಕುಡಿ."

ಅವನು ಕುಡಿದ, ವಾಂತಿ ಮಾಡಿದ, ಮತ್ತೆ ಕುಡಿದ. ಅವಳು ಮೂರು ಸಲ ತಂಬಿಗೆ ಒಯ್ದಳು. ಒಸಡು ಬಾತು ಅವನ ಎರಡು ಹಲ್ಲು ಬಿದ್ದವು. ಇಪ್ಪತ್ತು ದಿನ ಗಂಜಿಯ ಮೇಲಿದ್ದ. ಉಳಿದ.

ಮೂರು ಲಾಳಿಗಳನ್ನೂ ನಾನೇ ಸುಟ್ಟೆ. ಉಳಿದಿದ್ದ ಗೇಣನ್ನು ಹೊಸ ಲಾಳಿಯಿಂದ ನೇಯ್ದು ಸೀರೆ ಕೊಯ್ದರು. ಲಾಳಿಯ ಕಣ್ಣಿಂದ ಎಳೆಯನ್ನು ಅವನ ತಾಯಿ ಬಾಗಿಸಿದ ತಂತಿಯಿಂದ ಎಳೆದುಕೊಟ್ಟಳು. ಅವನ ಬಾಯಿಗೆ ಲಾಳಿ ಹೋಗಲು ಮತ್ತೆ ಬಿಡಲಿಲ್ಲ. ನಾನು ಹೋದಾಗಲೆಲ್ಲ ಅವನು ನಕ್ಕು, "ನಿನ್ನ ಕುರಿ ಹಾಲು ಉಳಿಸಿತು ನೋಡ ಅಣ್ಣಾ," ಎನ್ನುತ್ತಿದ್ದ. ಮುದುಕಿ ಆಗ ನನ್ನ ಕಡೆ ನೋಡುತ್ತಿರಲಿಲ್ಲ. ನಾನೂ ಹೂಂ ಎನ್ನುತ್ತಿದ್ದೆ. ವರ್ಷಗಳು ಕಳೆದು ಅವಳು ತೀರಿಕೊಂಡಳು, ಆಮೇಲೆ ಅವನೂ. ಇಬ್ಬರಲ್ಲಿ ಯಾರಿಗೂ ನಾನು ಬೇರೆ ಏನೂ ಹೇಳಲಿಲ್ಲ.

ಈಗಲೂ ಆ ಕಡೆ ಹೋದರೆ ಓಣಿಯಲ್ಲಿ ನಡೆಯುವಾಗ ಯಾವುದೋ ಮನೆಯ ಮಗ್ಗ ತಟ್ಟನೆ ನಿಲ್ಲುತ್ತದೆ. ಜೊತೆಗಿರುವವರಿಗೆ ಅದು ತಿಳಿಯುವುದೂ ಇಲ್ಲ. ನಾನು ಚಪ್ಪಲಿಯಲ್ಲಿ ಹರಳು ಸೇರಿದಂತೆ ಬಗ್ಗಿ ನಿಲ್ಲುತ್ತೇನೆ. ಅದು ಮತ್ತೆ ಶುರುವಾದ ಮೇಲೆ ಮುಂದೆ ಹೆಜ್ಜೆ ಇಡುತ್ತೇನೆ.